ಪ್ರಕಟಣೆ ಓದಿದವರು ಕೇಳುವ ಪ್ರಶ್ನೆಗಳು: ಬೀದರ್‌ನ ಒಂದು ದೈವಶಾಸ್ತ್ರ ಕೇಂದ್ರದ ಕಚೇರಿಯಿಂದ

ಬೀದರ್‌ನಲ್ಲಿರುವ ಒಂದು ದೈವಶಾಸ್ತ್ರ ಅಧ್ಯಯನ ಕೇಂದ್ರದ ಕಚೇರಿಯನ್ನು ನಾನು ನೋಡಿಕೊಳ್ಳುತ್ತೇನೆ. ಪಾಠ ಹೇಳುವವರು ಬೇರೆ. ಅರ್ಜಿ, ಶುಲ್ಕ, ಪುಸ್ತಕದ ಪಾರ್ಸೆಲ್, ಪರೀಕ್ಷೆಯ ವೇಳಾಪಟ್ಟಿ, ಇವು ನನ್ನ ಪಾಲಿಗೆ ಬಂದಿವೆ. ಇವುಗಳ ಜೊತೆಗೆ ಸುದ್ದಿಹಾಳೆಯೂ ನನ್ನದೇ. ಅದರ ಒಂದು ಮಗ್ಗುಲಲ್ಲಿ ನಮ್ಮ ಸಮುದಾಯದ ಸುದ್ದಿ, ಇನ್ನೊಂದು ಮಗ್ಗುಲಲ್ಲಿ ಕೋರ್ಸುಗಳ ಪ್ರಕಟಣೆ. ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ಹಳ್ಳಿಯ ಕ್ರೈಸ್ತ ಸಭೆಗಳಿಗೂ (ಚರ್ಚುಗಳಿಗೂ) ಕಲಬುರಗಿ, ಯಾದಗಿರಿಯ ದೊಡ್ಡ ಸಭೆಗಳಿಗೂ ಅದೇ ಹಾಳೆ ಹೋಗುತ್ತದೆ. ಭಾನುವಾರ ಆರಾಧನೆಯ ಕೊನೆಗೆ ಸಭಾಪಾಲಕರು ಅದನ್ನು ಓದಿ ಹೇಳುತ್ತಾರೆ. ಆಮೇಲೆ ಯಾರಾದರೊಬ್ಬರು ಅದನ್ನು ಮಡಚಿ ಸತ್ಯವೇದದೊಳಗೆ ಇಟ್ಟುಕೊಂಡು ಮನೆಗೆ ಒಯ್ಯುತ್ತಾರೆ.

ಆ ಹಾಳೆಗೆ ಬೆಲೆ ಬರುವುದು ಮನೆಗೆ ಹೋದ ಮೇಲೆ. ಗಂಡ ಹೆಂಡತಿ, ಅತ್ತೆ ಮಾವ, ದುಡಿಯುವ ಮಗ ಎಲ್ಲರೂ ಕುಳಿತು ಓದಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಅಲ್ಲಿಯೇ. ಆ ತೀರ್ಮಾನಕ್ಕೆ ಬೇಕಾದುದೆಲ್ಲ ಹಾಳೆಯಲ್ಲಿಯೇ ಸಿಗಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಸೆಮಿನರಿಗಳಲ್ಲಿ, ಬೈಬಲ್ ಕಾಲೇಜುಗಳಲ್ಲಿ ಇಂಥದೇ ಕುರ್ಚಿಯಲ್ಲಿ ಕುಳಿತಿರುವ ಸಹೋದ್ಯೋಗಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪ್ರಕಟಣೆಯ ಧಾಟಿ ಹೀಗಿರುತ್ತಿತ್ತು: ‘ದೇವರ ಕೃಪೆಯಿಂದ ನಮ್ಮ ಕೇಂದ್ರದಲ್ಲಿ ಜೂನ್ ತಿಂಗಳಿಂದ ಡಿಪ್ಲೊಮಾ ತರಗತಿಗಳು ಆರಂಭವಾಗಲಿದ್ದು, ಕರೆ ಹೊಂದಿದ ಅರ್ಹ ಅಭ್ಯರ್ಥಿಗಳು ಕೂಡಲೇ ಅರ್ಜಿ ಸಲ್ಲಿಸಬೇಕಾಗಿ ವಿನಂತಿ. ಹೆಚ್ಚಿನ ವಿವರಗಳಿಗೆ ಕಚೇರಿಯನ್ನು ಸಂಪರ್ಕಿಸಿ.’ ವ್ಯಾಕರಣ ಸರಿಯಾಗಿದೆ, ಭಕ್ತಿಯೂ ಇದೆ. ಆದರೆ ಔರಾದ್ ತಾಲ್ಲೂಕಿನ ಹಳ್ಳಿಯಲ್ಲಿ ಭಾನುವಾರ ಶಾಲೆ ನಡೆಸುವ ಒಬ್ಬ ತಾಯಿ ಇದನ್ನು ಓದಿದರೆ ಅವರಿಗೆ ಏನು ತಿಳಿಯುತ್ತದೆ? ಅರ್ಹತೆ ಎಂದರೆ ಎಷ್ಟನೇ ತರಗತಿ ಎಂದು ತಿಳಿಯುವುದಿಲ್ಲ. ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂದು ತಿಳಿಯುವುದಿಲ್ಲ. ಶುಲ್ಕವನ್ನು ಒಂದೇ ಸಲ ಕಟ್ಟಬೇಕೋ ಕಂತಿನಲ್ಲಿ ಕಟ್ಟಬಹುದೋ ತಿಳಿಯುವುದಿಲ್ಲ. ಹೆಚ್ಚಿನ ವಿವರಕ್ಕೆ ಫೋನ್ ಮಾಡಿ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ‘ನಾವು ಕೇಳಿದರೆ ಏನೆಂದುಕೊಳ್ಳುತ್ತಾರೋ’ ಎಂದು ಸುಮ್ಮನಾಗುವವರೇ ಹೆಚ್ಚು. ಹಾಗೆ ಸುಮ್ಮನಾಗುವವರಲ್ಲಿಯೇ ನಮಗೆ ಬೇಕಾದ ವಿದ್ಯಾರ್ಥಿಗಳು ಇರುತ್ತಾರೆ.

ಕೇಳಲು ಬಂದವರ ಪ್ರಶ್ನೆಗಳನ್ನು ಒಂದು ವಹಿಯಲ್ಲಿ ಬರೆದಿಡುವ ರೂಢಿ ಮಾಡಿಕೊಂಡೆ. ಅದರಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆ ಹಣದ್ದಲ್ಲ. ‘ಅಕ್ಕಾ, ಇದನ್ನು ಓದಿದರೆ ನನ್ನನ್ನು ಪಾಸ್ಟರ್ ಮಾಡುತ್ತಾರೆಯೇ?’ ಎಂಬುದು ಅದು. ಗಂಡಸರೂ ಕೇಳಿದ್ದಾರೆ, ಹೆಂಗಸರೂ ಕೇಳಿದ್ದಾರೆ. ಇದಕ್ಕೆ ನೇರವಾದ ಉತ್ತರ ಪ್ರಕಟಣೆಯಲ್ಲಿಯೇ ಇರಬೇಕು. ಮೆಥೋಡಿಸ್ಟ್ ಸಭೆಯಲ್ಲಿ ಪಾಸ್ಟರುಗಳ ನೇಮಕವಾಗುವುದು ವಾರ್ಷಿಕ ಕಾನ್ಫರೆನ್ಸಿನಲ್ಲಿ, ಬಿಷಪ್ಪರಿಂದ. ದೀಕ್ಷೆಗೆ ಅದರದೇ ಆದ ಹಂತಗಳಿವೆ. ನಮ್ಮ ಡಿಪ್ಲೊಮಾ ಪಡೆದವರಿಗೆ ಸಭೆ ಸಿಗುತ್ತದೆ ಎಂದು ಯಾರೂ ಮಾತು ಕೊಡಲಾರರು. ಈಗ ಆ ವಾಕ್ಯವನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತೇವೆ: ‘ಈ ಕೋರ್ಸು ಸೇವೆಗೆ ಸಿದ್ಧಗೊಳಿಸುತ್ತದೆ, ನೇಮಕವನ್ನಾಗಲಿ ದೀಕ್ಷೆಯನ್ನಾಗಲಿ ಕೊಡುವುದಿಲ್ಲ.’ ಇದರಿಂದ ಅರ್ಜಿಗಳು ಕಡಿಮೆಯಾಗುತ್ತವೆ ಎಂದು ಆಡಳಿತ ಮಂಡಳಿಯ ಕೆಲವು ಹಿರಿಯರು ಹೆದರಿದ್ದರು. ಈಗ ಬರುವವರು ಕಲಿಯಬೇಕೆಂದೇ ಬರುತ್ತಾರೆ, ಅರ್ಧಕ್ಕೆ ಬಿಟ್ಟು ಬೇಸರದಿಂದ ಹೋಗುವುದು ಕಡಿಮೆಯಾಗಿದೆ. ಅಷ್ಟು ನನ್ನ ಕಣ್ಣಿಗೆ ಕಾಣುತ್ತಿದೆ.

ಎರಡನೆಯ ಪ್ರಶ್ನೆ ಮಾನ್ಯತೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಎಷ್ಟೋ ಯುವಕರು ಇಲ್ಲಿಯೇ ಮೋಸ ಹೋಗಿದ್ದಾರೆ.

ಭಾರತದಲ್ಲಿ ದೈವಶಾಸ್ತ್ರದ ಪದವಿಗೆ ಸರ್ಕಾರಿ ಕಾಯ್ದೆಯ ಬಲವಿರುವ ಹಳೆಯ ನೆಲೆ ಪಶ್ಚಿಮ ಬಂಗಾಳದ ಸೆರಾಂಪುರ. ವಿಲಿಯಂ ಕೇರಿ, ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಸೇರಿ 1818ರಲ್ಲಿ ಅಲ್ಲಿ ಕಾಲೇಜು ತೆರೆದರು. ಆಗ ಆ ಊರು ಡೆನ್ಮಾರ್ಕಿನ ವಸಾಹತು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೆಯ ಫ್ರೆಡರಿಕ್ ಪದವಿ ಕೊಡುವ ಅಧಿಕಾರದ ಸನ್ನದು ನೀಡಿದ. 1918ರಲ್ಲಿ ಬಂಗಾಳ ಶಾಸನಸಭೆಯ ಕಾಯ್ದೆ ಬಂತು. ಆ ಕಾಯ್ದೆಯಡಿ ಸೆರಾಂಪುರ ಸೆನೆಟ್ ಇಂದಿಗೂ ದೇಶದ ಅನೇಕ ದೈವಶಾಸ್ತ್ರ ಕಾಲೇಜುಗಳಿಗೆ ಪಠ್ಯಕ್ರಮ ಕೊಟ್ಟು, ಪರೀಕ್ಷೆ ನಡೆಸಿ, ಪದವಿ ಕೊಡುತ್ತದೆ. ನಮ್ಮ ರಾಜ್ಯದಲ್ಲಿ 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಮತ್ತು ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಈ ಸೆನೆಟ್ಟಿಗೆ ಸೇರಿದವು.

ಇದಲ್ಲದೆ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಎಂಬ ಸಂಸ್ಥೆಯಿದೆ, 1970ರಲ್ಲಿ ಹುಟ್ಟಿದ್ದು. ಅದು ಸೆಮಿನರಿಗಳ ಗುಣಮಟ್ಟ ಪರೀಕ್ಷಿಸಿ ಮಾನ್ಯತೆ ಕೊಡುತ್ತದೆ. ಸಭೆಗಳ ನಡುವೆ, ಸೆಮಿನರಿಗಳ ನಡುವೆ ಆ ಮಾನ್ಯತೆಗೆ ಗೌರವವಿದೆ. ಆದರೆ ಅದು ವಿಶ್ವವಿದ್ಯಾಲಯದ ಪದವಿಯಾಗುವುದಿಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನ ಪ್ರಕಾರ ಪದವಿ ಕೊಡುವ ಹಕ್ಕಿರುವುದು ಕಾನೂನಿನ ಮೂಲಕ ಸ್ಥಾಪನೆಯಾದ ಅಥವಾ ಕಾನೂನು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. ಎರಡೂ ಬಗೆಯ ಓದು ಒಳ್ಳೆಯದೇ. ಯಾವುದು ಯಾವುದಕ್ಕೆ ಉಪಯೋಗಕ್ಕೆ ಬರುತ್ತದೆ ಎಂದು ಸೇರುವ ಮೊದಲೇ ವಿದ್ಯಾರ್ಥಿಗೆ ತಿಳಿದಿರಬೇಕು.

ಈ ಎರಡರ ಆಚೆಗೆ ಮೂರನೆಯದೊಂದಿದೆ. ಕೆಲವೇ ತಿಂಗಳಲ್ಲಿ ಪದವಿ, ಅಂಚೆಯಲ್ಲಿ ಅಂಕಪಟ್ಟಿ, ಇನ್ನಷ್ಟು ಹಣ ಕೊಟ್ಟರೆ ಹೆಸರಿನ ಮುಂದೆ ಡಾಕ್ಟರ್. ಯಾದಗಿರಿ ಕಡೆಯ ಒಬ್ಬ ಹುಡುಗ ಇಂಥ ಒಂದು ಸಂಸ್ಥೆಯ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯೊಳಗೆ ಜೋಪಾನ ಮಾಡಿಕೊಂಡು ತಂದಿದ್ದ. ಬಂಗಾರದ ಬಣ್ಣದ ಮುದ್ರೆ, ಮೂರು ಸಹಿ, ಅಡ್ಡಕ್ಕೆ ಅಮೆರಿಕದ ಒಂದು ಊರಿನ ಹೆಸರು. ಅದನ್ನು ಹಿಡಿದು ಮುಂದಿನ ಓದಿಗೆ ಹೋದರೆ ಯಾರೂ ಸೇರಿಸಿಕೊಂಡಿರಲಿಲ್ಲ. ಅವನ ತಂದೆ ಆ ಹಣವನ್ನು ಎತ್ತು ಮಾರಿ ಹೊಂದಿಸಿದ್ದರು. ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನಿಗೆ ಓದುವ ಹಸಿವಿತ್ತು, ಮತ್ತು ಅವನ ಕೈಗೆ ಸಿಕ್ಕ ಪ್ರಕಟಣೆಗಳಲ್ಲಿ ಅಂಥದ್ದೇ ಅತ್ಯಂತ ಸ್ಪಷ್ಟವಾಗಿತ್ತು: ಇಷ್ಟು ಹಣ, ಇಷ್ಟು ತಿಂಗಳು, ಈ ಪದವಿ. ಸುಳ್ಳು ಹೇಳುವವರು ಇಷ್ಟು ಬಿಡಿಸಿ ಹೇಳುವಾಗ ಸತ್ಯ ಹೇಳುವವರು ‘ಕಚೇರಿಯನ್ನು ಸಂಪರ್ಕಿಸಿ’ ಎಂದು ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಆ ದಿನದಿಂದ ನಮ್ಮ ಹಾಳೆಯಲ್ಲಿ ಪ್ರತಿ ಕೋರ್ಸಿನ ಕೆಳಗೆ ಪ್ರಮಾಣಪತ್ರ ಕೊಡುವವರು ಯಾರು, ಅದನ್ನು ಎಲ್ಲಿ ಒಪ್ಪುತ್ತಾರೆ, ಎಲ್ಲಿ ಒಪ್ಪುವುದಿಲ್ಲ ಎಂಬ ಸಾಲುಗಳು ಬರುತ್ತವೆ. ‘ಒಪ್ಪುವುದಿಲ್ಲ’ ಎಂಬ ಸಾಲನ್ನು ಬಿಡಬೇಡಿ ಎಂದು ಎಲ್ಲ ಕೇಂದ್ರಗಳಿಗೂ ಕೈಮುಗಿದು ಕೇಳುತ್ತೇನೆ.

ಇನ್ನು ಕಾಲದ ಮಾತು. ಜೂನ್ ತಿಂಗಳಲ್ಲಿ ತರಗತಿ ಆರಂಭಿಸುವುದು ಶಾಲೆ ಕಾಲೇಜುಗಳ ಲೆಕ್ಕ. ನಮ್ಮ ಕಡೆ ಮಿರಗದ ಮಳೆ ಬಿದ್ದರೆ ಬಿತ್ತನೆ. ಮನೆಯಲ್ಲಿರುವ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಆಗಸ್ಟ್ ಕೊನೆಗೆ ಹೆಸರು, ಉದ್ದು, ಆಮೇಲೆ ಸೋಯಾ, ಡಿಸೆಂಬರ್ ಜನವರಿಗೆ ತೊಗರಿಯ ರಾಶಿ. ಭಾಲ್ಕಿ ಕಡೆಯಾದರೆ ಕಬ್ಬಿನ ಕಟಾವು ಬೇರೆ. ರಾಶಿ ಮುಗಿದು ತೊಗರಿ ಮಾರಿದ ಮೇಲೆ ಶುಲ್ಕ ಕೇಳಿದರೆ ಕೊಡುವವರು ನೆಮ್ಮದಿಯಿಂದ ಕೊಡುತ್ತಾರೆ. ಆದ್ದರಿಂದ ನಮ್ಮ ಪ್ರವೇಶ ಈಗ ಫೆಬ್ರುವರಿಯಲ್ಲಿ. ಪಾಸ್ಟರುಗಳಿಗೆ ಸೋಮವಾರ ತರಗತಿ, ಏಕೆಂದರೆ ಅವರಿಗೆ ಬಿಡುವಿರುವ ದಿನ ಅದೊಂದೇ. ಸಭೆಯ ಉಳಿದವರಿಗೆ ಭಾನುವಾರ ಮಧ್ಯಾಹ್ನ, ಊಟ ಕೇಂದ್ರದಲ್ಲಿಯೇ. ಊಟ ಇದೆಯೆಂದು ಪ್ರಕಟಣೆಯಲ್ಲಿ ಬರೆಯುವುದಕ್ಕೆ ಮೊದಮೊದಲು ಕೆಲವರಿಗೆ ಸಂಕೋಚವಿತ್ತು. ಆದರೆ ಎರಡು ಬಸ್ಸು ಬದಲಿಸಿ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಅದು ದೊಡ್ಡ ಮಾಹಿತಿ.

ಮನೆ ಬಿಟ್ಟು ಬರಲಾಗದವರ ಬಳಿಗೆ ಓದನ್ನೇ ಕಳುಹಿಸುವ ಯೋಚನೆ ನಮ್ಮ ಸ್ವಂತದ್ದಲ್ಲ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು ಇದನ್ನು ಆರಂಭಿಸಿತು. ಪಟ್ಟಣದ ಸೆಮಿನರಿಯಲ್ಲಿ ಓದಿದವರು ಹಳ್ಳಿಗೆ ಹಿಂದಿರುಗುತ್ತಿರಲಿಲ್ಲ. ಹಳ್ಳಿಯಲ್ಲಿ ಸಭೆಯನ್ನು ನಿಜವಾಗಿ ನಡೆಸುತ್ತಿದ್ದವರು ಹೆಂಡತಿ ಮಕ್ಕಳು, ಹೊಲ ಮನೆ ಬಿಟ್ಟು ಪಟ್ಟಣಕ್ಕೆ ಹೋಗುವಂತಿರಲಿಲ್ಲ. ಮನೆಯಲ್ಲಿ ಓದಿಕೊಳ್ಳುವ ಪಾಠಪುಸ್ತಕ, ವಾರಕ್ಕೊಮ್ಮೆ ಹತ್ತಿರದ ಊರಿನಲ್ಲಿ ಗುಂಪು ಚರ್ಚೆ, ನಡುನಡುವೆ ಶಿಬಿರ, ಇದು ಅವರು ಕಂಡುಕೊಂಡ ದಾರಿ. ನಮ್ಮ ದೇಶದಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟಾಫ್ಟೀ ಎಂಬ ಸಂಸ್ಥೆ ಇದೇ ಕೆಲಸಕ್ಕೆ ಹುಟ್ಟಿತು. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್, ಮಂಗಳೂರು ಇನ್ನೂ ದೂರ. ಇಷ್ಟು ದೂರದ ನಮ್ಮ ಜಿಲ್ಲೆಗಳಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. 2017ರಲ್ಲಿ ಬೀದರ್ ಕಲಬುರಗಿ ರೈಲು ಆರಂಭವಾದ ಮೇಲೆ ಗುರುಗಳು ಆ ಕಡೆಗೆ, ವಿದ್ಯಾರ್ಥಿಗಳು ಈ ಕಡೆಗೆ ಓಡಾಡುವುದೂ ಸುಲಭವಾಗಿದೆ.

ಸುದ್ದಿಯ ಮಗ್ಗುಲಿಗೂ ಇದೇ ಮಾತು ಅನ್ವಯಿಸುತ್ತದೆ. ಮುಖ್ಯ ಅತಿಥಿಗಳ ಫೋಟೊ, ಶಾಲು, ಹಾರ, ದೀಪ ಬೆಳಗಿದವರ ಹೆಸರು, ಇವುಗಳಿಂದ ಹಾಳೆ ತುಂಬಿದರೆ ಓದುವವರು ಮಗುಚಿ ಇಡುತ್ತಾರೆ. ನಾನು ತರಗತಿಯ ಸುದ್ದಿ ಬರೆಯತೊಡಗಿದೆ. ಒಂದು ಉದಾಹರಣೆ ಹೇಳುತ್ತೇನೆ.

ಹಳೆ ಒಡಂಬಡಿಕೆಯ ಪಾಠದಲ್ಲಿ, ಪರದೇಶದಿಂದ ಬಂದು ಹೊಲದಲ್ಲಿ ಹಕ್ಕಲು ಆಯ್ದ ವಿಧವೆ ರೂತಳ ಪುಸ್ತಕ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದವರು ಹಳೆ ಮೈಸೂರು ಕಡೆಯವರು, ತುಂಬ ಓದಿದವರು. ಕೊಯ್ಲು ಮಾಡುವಾಗ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಬಿದ್ದ ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂಬ ಯಾಜಕಕಾಂಡ 19ನೇ ಅಧ್ಯಾಯದ ನಿಯಮವನ್ನು ವಿವರಿಸಿದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹಿರಿಯ ತಾಯಿ ಕೈ ಎತ್ತಿ, ‘ಸರ್, ನಾನು ತೊಗರಿ ಹೊಲದಲ್ಲಿ ಹಕ್ಕಲು ಆಯ್ದವಳು, ಸ್ವಲ್ಪ ಹೇಳಲೇ?’ ಎಂದು ಕೇಳಿದರು. ಒಡೆಯನಿಗೆ ಬೇಕಾದವರು ಕೊಯ್ಯುವವರ ಹಿಂದೆಯೇ ಹೋಗುತ್ತಾರೆ, ಬೇಡವಾದವರಿಗೆ ಎಲ್ಲರೂ ಆಯ್ದ ಮೇಲೆ ಉಳಿದದ್ದು ಎಂದರು. ಆದ್ದರಿಂದ ಹೊಲದ ಒಡೆಯ ಬೋವಜನು ರೂತಳನ್ನು ತನ್ನ ಹೆಣ್ಣಾಳುಗಳ ಜೊತೆಯಲ್ಲಿಯೇ ಇರು ಎಂದದ್ದು ಬಾಯಿಮಾತಿನ ಉಪಚಾರವಾಗಿರಲಿಲ್ಲ. ಒಬ್ಬಂಟಿ ಹೆಂಗಸು ಬೇರೆಯವರ ಹೊಲಕ್ಕಿಳಿದರೆ ಏನಾಗಬಹುದು ಎಂಬ ಭಯ ಅತ್ತೆ ನೊವೊಮಿಯ ಮಾತಿನಲ್ಲಿಯೂ ಇದೆ ಎಂದು ಎರಡನೆಯ ಅಧ್ಯಾಯದ 22ನೆಯ ವಚನ ತೆಗೆದು ಓದಿದರು. ಅಷ್ಟು ಹೊತ್ತಿಗೆ ಉಳಿದ ಹೆಂಗಸರೂ ಮಾತಿಗೆ ಸೇರಿದರು. ಬೋವಜನು ಕೊಟ್ಟ ಹುರಿಗಾಳಿನ ಮಾತು ಬಂದಾಗ ಎಳೆ ಜೋಳದ ತೆನೆ ಸುಟ್ಟು ತಿನ್ನುವ ಸೀತನಿಯ ನೆನಪು ಬಂತು, ರಾಶಿ ಯಂತ್ರ ಬಂದ ಮೇಲೆ ಹಕ್ಕಲೇ ಕಡಿಮೆಯಾದ ಮಾತೂ ಬಂತು. ಗುರುಗಳು ಚಾಕ್‌ಪೀಸ್ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕುಳಿತು ಬರೆದುಕೊಳ್ಳುತ್ತಿದ್ದರು.

ಇದನ್ನು ಆ ತಾಯಿಯ ಒಪ್ಪಿಗೆ ಪಡೆದು, ಹೆಸರು ಹಾಕದೆ, ಹಾಳೆಯ ಮೊದಲ ಸುದ್ದಿಯಾಗಿ ಅಚ್ಚು ಹಾಕಿದೆವು. ಆ ಸಲದಷ್ಟು ಫೋನ್ ಕರೆಗಳು ಯಾವ ಪ್ರಕಟಣೆಗೂ ಬಂದಿರಲಿಲ್ಲ. ‘ನಮಗೆ ಬರುವ ವಿಷಯವನ್ನೂ ಅಲ್ಲಿ ಕೇಳುತ್ತಾರೆಯೇ?’ ಎಂದು ಹುಮನಾಬಾದ್ ಕಡೆಯ ಒಬ್ಬ ಬಡಗಿ ಕೇಳಿದರು. ಕೇಳುತ್ತಾರೆ, ಬನ್ನಿ ಎಂದೆ. ಅವರು ಈಗ ನಮ್ಮಲ್ಲಿ ಓದುತ್ತಿದ್ದಾರೆ. ಸಭೆಯ ಇತಿಹಾಸದ ಪರೀಕ್ಷೆಯಲ್ಲಿ ಅವರ ಉತ್ತರಗಳು ಚಿಕ್ಕದಾಗಿ, ಅಳತೆ ತಪ್ಪದಂತೆ ಇರುತ್ತವೆ.

ಸಾವಿನ ಸುದ್ದಿ, ವರ್ಗಾವಣೆಯ ಸುದ್ದಿ, ಮದುವೆಯ ಸುದ್ದಿ ಎಂದಿನಂತೆ ಹಾಕುತ್ತೇವೆ, ಚಿಕ್ಕದಾಗಿ. ಕೋರ್ಸು ಮುಗಿಸಿದವರ ಹೆಸರು ಮಾತ್ರ ಅತಿಥಿಗಳ ಹೆಸರಿಗಿಂತ ಮೇಲೆ, ಊರಿನ ಹೆಸರಿನೊಂದಿಗೆ ಬರುತ್ತದೆ.

ಭಾಷೆಯ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಔರಾದ್, ಭಾಲ್ಕಿಯ ಗಡಿಯ ಊರುಗಳಲ್ಲಿ ಮರಾಠಿ ಶಾಲೆಯಲ್ಲಿ ಓದಿದವರು ಕನ್ನಡದಲ್ಲಿ ಮಾತನಾಡುತ್ತಾರೆ, ಹಾಡುತ್ತಾರೆ, ಪ್ರಾರ್ಥಿಸುತ್ತಾರೆ, ಆದರೆ ಬರೆಯುವಾಗ ಕೈ ನಿಲ್ಲುತ್ತದೆ. ಅಂಥವರಿಗೆ ಮೌಖಿಕ ಪರೀಕ್ಷೆ ಇಡಬೇಕೆಂದು ನಮ್ಮ ಗುರುಗಳ ಸಭೆ ಒಪ್ಪಿದೆ. ನಮ್ಮದೇ ಪ್ರಮಾಣಪತ್ರದ ಕೋರ್ಸಿಗೆ ಈ ಫೆಬ್ರುವರಿಯಿಂದ ಅದು ಜಾರಿಗೆ ಬರುತ್ತದೆ. ಹೊರಗಿನ ಸಂಸ್ಥೆ ಪರೀಕ್ಷೆ ನಡೆಸುವ ಕೋರ್ಸುಗಳಿಗೆ ಆ ಅವಕಾಶವಿಲ್ಲ. ಎರಡನ್ನೂ ಮುಂದಿನ ಹಾಳೆಯಲ್ಲಿ ಅಕ್ಕಪಕ್ಕದಲ್ಲಿ ಬರೆಯುತ್ತೇನೆ, ಮರಾಠಿಯಲ್ಲಿಯೂ ನಾಲ್ಕು ಸಾಲು ಸೇರಿಸಿ.