ಟಕ್ ಎಂದು ಸುಮ್ಮನಾಗುವ ಟ್ರ್ಯಾಕ್ಟರ್

ಕೀಲಿ ತಿರುಗಿಸಿದ ಕೂಡಲೇ ‘ಟಕ್’ ಎಂಬ ಒಂದೇ ಒಂದು ಗಟ್ಟಿ ಸದ್ದು, ಆಮೇಲೆ ನಿಶ್ಶಬ್ದ. ಕಳೆದ ಅಕ್ಟೋಬರಿನಿಂದ ನವೆಂಬರಿನ ನಡುವಿನವರೆಗೆ ನನ್ನ ಶನಿವಾರಗಳನ್ನೆಲ್ಲ ನುಂಗಿ ಹಾಕಿದ್ದು ಆ ಸದ್ದು. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನ ಹೊರಗೆ, ಒಂದೂವರೆ ಎಕರೆಯ ನಮ್ಮ ಮನೆಗೆ ಬಂದ ಮೇಲೆ ನಾನು ಹತ್ತಿರದ ಹಿರಿಯರೊಬ್ಬರಿಂದ 1960ರ ದಶಕದ ಕೊನೆಯಲ್ಲಿ ತಯಾರಾದ ಗಾರ್ಡನ್ ಟ್ರ್ಯಾಕ್ಟರೊಂದನ್ನು ಕೊಂಡಿದ್ದೆ. ಮುಂದೆ ಬ್ಲೇಡ್ ಕಟ್ಟಿ ಅದರಿಂದಲೇ ಮನೆಯ ದಾರಿಯ ಹಿಮವನ್ನು ತಳ್ಳಬೇಕೆಂಬುದು ನನ್ನ ಲೆಕ್ಕವಾಗಿತ್ತು. ಹಿಮ ಬೀಳುವ ದಿನಗಳು ಹತ್ತಿರವಾಗುತ್ತಿದ್ದರೂ ಯಂತ್ರ ಮಾತ್ರ ಏಳುತ್ತಿರಲಿಲ್ಲ.

ಗಾರ್ಡನ್ ಟ್ರ್ಯಾಕ್ಟರ್ ಎಂದರೆ ನಮ್ಮ ಊರುಗಳ ಗದ್ದೆ ಉಳುವ ಟ್ರ್ಯಾಕ್ಟರ್ ಅಲ್ಲ, ಬರಿಯ ಹುಲ್ಲು ಕತ್ತರಿಸುವ ಯಂತ್ರವೂ ಅಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಪಟ್ಟಣಗಳ ಹೊರವಲಯದಲ್ಲಿ ದೊಡ್ಡ ಹಿತ್ತಲಿನ ಮನೆಗಳು ಹೆಚ್ಚಿದಾಗ, ಹುಲ್ಲು ಕತ್ತರಿಸಲು, ಕೈತೋಟ ಉಳಲು, ಚಳಿಗಾಲದಲ್ಲಿ ಹಿಮ ಸರಿಸಲು ಒಂದೇ ಯಂತ್ರ ಸಾಕೆಂಬ ಲೆಕ್ಕದಲ್ಲಿ ಇವು ಜನಪ್ರಿಯವಾದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ 7 ಅಶ್ವಶಕ್ತಿಯ ಕಬ್ ಕೆಡೆಟ್ ಅನ್ನು ತಂದಿತು. 1963ರಲ್ಲಿ ಜಾನ್ ಡಿಯರ್ ಕಂಪನಿ ಇದೇ ವಿಸ್ಕಾನ್ಸಿನ್ನಿನ ಹೋರಿಕಾನ್ ಎಂಬ ಊರಿನ ಕಾರ್ಖಾನೆಯಿಂದ ತನ್ನ 110 ಮಾದರಿಯನ್ನು ಹೊರತಂದಿತು. ಇಂಥ ಅನೇಕ ಟ್ರ್ಯಾಕ್ಟರುಗಳ ಎದೆಯಲ್ಲಿದ್ದದ್ದು ಕೊಹ್ಲರ್ ಕಂಪನಿಯ ಒಂಟಿ ಸಿಲಿಂಡರಿನ ಎರಕದ ಕಬ್ಬಿಣದ ಎಂಜಿನ್. ಬೆಂಗಳೂರಿನವರು ಈ ಹೆಸರನ್ನು ಸ್ನಾನದ ಕೋಣೆಯ ನಲ್ಲಿಗಳ ಮೇಲೆ ನೋಡಿರುತ್ತಾರೆ. ಹೌದು, ಅದೇ ಕಂಪನಿ.

ನನ್ನ ಟ್ರ್ಯಾಕ್ಟರಿನ ಎಂಜಿನ್ 10 ಅಶ್ವಶಕ್ತಿಯದು. ಅದಕ್ಕೆ ಬೇರೆಯಾದ ಸ್ಟಾರ್ಟರ್ ಮೋಟಾರ್ ಇಲ್ಲ. ಬೆಲ್ಟಿನ ಮೂಲಕ ಎಂಜಿನ್ನಿಗೆ ಜೋಡಿಸಿದ ಒಂದೇ ಉರುಟು ಯಂತ್ರ, ಕೀಲಿ ತಿರುಗಿಸಿದಾಗ ಮೋಟಾರಾಗಿ ಎಂಜಿನ್ನನ್ನು ತಿರುಗಿಸುತ್ತದೆ, ಎಂಜಿನ್ ಎದ್ದ ಮೇಲೆ ತಾನೇ ಜನರೇಟರಾಗಿ ಬ್ಯಾಟರಿಗೆ ಚಾರ್ಜ್ ತುಂಬುತ್ತದೆ. ನಮ್ಮ ಕಡೆಯ ಆಟೋ ಎಲೆಕ್ಟ್ರಿಷಿಯನ್ನರ ಮಾತಿನಲ್ಲಿ ಹೇಳುವುದಾದರೆ, ಸೆಲ್ಫೂ ಅದೇ, ಡೈನಮೋವೂ ಅದೇ. ಚಾರ್ಜನ್ನು ಹದದಲ್ಲಿಡಲು ಪಕ್ಕದಲ್ಲೊಂದು ಕಟೌಟ್. ಇಷ್ಟು ಸರಳವಾದ ವೈರಿಂಗನ್ನು ಒಂದು ಹಾಳೆಯ ಅರ್ಧದಲ್ಲಿ ಬರೆದು ಮುಗಿಸಬಹುದು. ಆ ಸರಳತೆಯನ್ನು ನೋಡಿಯೇ ನಾನು ಮೋಸಹೋದೆನೆಂದು ಈಗ ಅನ್ನಿಸುತ್ತದೆ, ಏಕೆಂದರೆ ಅಳೆಯಬೇಕಾದಲ್ಲಿ ಅಳೆಯದೆ ಊಹೆಯ ಮೇಲೆ ಬಿಡಿಭಾಗ ತರಿಸಲು ಹೊರಟೆ.

ಸದ್ದಿನಿಂದ ಸ್ವಲ್ಪಮಟ್ಟಿಗೆ ರೋಗ ಊಹಿಸಬಹುದೆಂಬುದು ನಿಜ. ಕೀಲಿ ತಿರುಗಿಸಿದಾಗ ‘ಟಕಟಕಟಕ’ ಎಂದು ಸೊಲೆನಾಯ್ಡ್, ಅಂದರೆ ಬ್ಯಾಟರಿಯನ್ನು ಮೋಟಾರಿಗೆ ಕೂಡಿಸುವ ವಿದ್ಯುತ್ ಸ್ವಿಚ್ಚು, ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ ಎಂದರ್ಥ: ಸೊಲೆನಾಯ್ಡ್ ಕೂಡಿದ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಕುಸಿದೊಡನೆ ಅದು ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಏರಿ ಮತ್ತೆ ಕೂಡುತ್ತದೆ. ಸದ್ದೇ ಬಾರದಿದ್ದರೆ ಫ್ಯೂಸ್, ಕೀಲಿಯ ಸ್ವಿಚ್ ಅಥವಾ ಕ್ಲಚ್ ಒತ್ತದೆ ಸ್ಟಾರ್ಟ್ ಆಗದಂತೆ ಇಟ್ಟ ಸುರಕ್ಷತಾ ಸ್ವಿಚ್ಚುಗಳ ಕಡೆಗೆ ನೋಡಬೇಕು. ಒಂದೇ ಸಲ ಗಟ್ಟಿಯಾಗಿ ‘ಟಕ್’ ಎಂದು ನಿಂತರೆ ಸೊಲೆನಾಯ್ಡಿನ ಸುರುಳಿಗೆ ವಿದ್ಯುತ್ ಬಂದಿದೆ, ಆದರೆ ಮೋಟಾರಿಗೆ ಸಾಕಷ್ಟು ಸಿಕ್ಕಿಲ್ಲ. ಸೊಲೆನಾಯ್ಡಿನ ಒಳಗಿನ ತಾಮ್ರದ ಮುಖಗಳು ಸುಟ್ಟಿರುತ್ತವೆಂದು ನಾನು ತೀರ್ಮಾನಿಸಿ ಹೊಸದೊಂದನ್ನು ತರಿಸಿ ಹಾಕಿದೆ. ಹೊಸ ಸೊಲೆನಾಯ್ಡ್ ಇನ್ನೂ ಗಟ್ಟಿಯಾಗಿ ‘ಟಕ್’ ಎಂದಿತು, ಅಷ್ಟೇ.

ಮುಂದಿನ ಶನಿವಾರ ಕಾರಿನಿಂದ ಜಂಪರ್ ಕೇಬಲ್ ಹಾಕಿ ನೋಡಿದೆ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್ನಿಗೆ ಕಿಡಿ ತಾಗಬಾರದೆಂಬ ಎಚ್ಚರಿಕೆಯಿಂದ, ಕಾರಿನ ಪ್ಲಸ್ಸನ್ನು ಟ್ರ್ಯಾಕ್ಟರಿನ ಬ್ಯಾಟರಿಯ ಪ್ಲಸ್ಸಿಗೂ, ಮೈನಸ್ಸನ್ನು ಬ್ಯಾಟರಿಯಿಂದ ದೂರ ಎಂಜಿನ್ ಬ್ಲಾಕಿನ ಬೋಳು ಕಬ್ಬಿಣಕ್ಕೂ ಕಚ್ಚಿಸಿದೆ. ಎಂಜಿನ್ ಎರಡೇ ಸುತ್ತಿಗೆ ಎದ್ದು ಓಡತೊಡಗಿತು. ಹಾಗಾದರೆ ತಪ್ಪು ಬ್ಯಾಟರಿಯದೇ ಎಂದು ಅದೇ ದಿನ ಹೊಸ ಬ್ಯಾಟರಿ ತಂದು ಕೂರಿಸಿದೆ. ಕೀಲಿ ತಿರುಗಿಸಿದರೆ ಮತ್ತೆ ಅದೇ ‘ಟಕ್’. ಹೊಸ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸುತ್ತಿತ್ತು, ಅಂದರೆ ಪೂರ್ತಿ ತುಂಬಿತ್ತು. ಹೆಡ್‌ಲೈಟುಗಳೂ ಝಗ್ಗೆಂದು ಉರಿಯುತ್ತಿದ್ದವು. ಆ ದಿನ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿದ್ದಿತ್ತು, ಆದರೆ ಬುದ್ಧಿಗೆ ಹೊಳೆದಿರಲಿಲ್ಲ: ನಾಲ್ಕೈದು ಸಲ ಕೀಲಿ ತಿರುಗಿಸಿ ಚೋಕಿನ ಗುಂಡಿ ಎಳೆಯಲು ಹೋದಾಗ ಅದರ ತಂತಿಯ ಹೊರಕವಚ ಕೈಗೆ ಬೆಚ್ಚಗೆ ತಾಗಿತ್ತು. ಎಂಜಿನ್ ಓಡದೆಯೇ ಚೋಕ್ ಕೇಬಲ್ ಬಿಸಿಯಾಗುವುದಕ್ಕೆ ಕಾರಣವೇನೆಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಸಾಗರದಲ್ಲಿ ಇರುವ ನನ್ನ ದೊಡ್ಡಪ್ಪನ ಮಗ ಮೂವತ್ತು ವರ್ಷದಿಂದ ಜೀಪು, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ ಮಾಡಿಕೊಂಡವನು. ಫೋನಿನಲ್ಲಿ ನನ್ನ ಕಥೆಯನ್ನೆಲ್ಲ ಕೇಳಿ ಅವನು ಆಡಿದ್ದು ಒಂದೇ ಮಾತು: “ಕರೆಂಟು ಹೋಗೋ ದಾರಿ ನೋಡಿದ್ಯಲ್ಲ ಮಾರಾಯ, ವಾಪಸ್ ಬರೋ ದಾರಿ ನೋಡಿದ್ಯಾ?”

ನೋಡಿರಲಿಲ್ಲ. ಪ್ಲಸ್ಸಿನ ದಪ್ಪ ಕೆಂಪು ಕೇಬಲ್ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲರೂ ಅದನ್ನೇ ತಡಕುತ್ತಾರೆ. ಮೋಟಾರಿನಿಂದ ಬ್ಯಾಟರಿಯ ಮೈನಸ್ಸಿಗೆ ವಿದ್ಯುತ್ ಹಿಂದಿರುಗುವ ದಾರಿ ಮಾತ್ರ ಮೋಟಾರಿನ ಮೈ, ಎಂಜಿನ್ ಬ್ಲಾಕ್, ಚಾಸಿಸ್, ನಟ್ಟು, ಬೋಲ್ಟುಗಳ ಮೂಲಕ ಸಾಗುವಂಥದು. ವೈರಿಂಗ್ ಚಿತ್ರದಲ್ಲಿ ಅದು ಮೂರು ಪುಟ್ಟ ಗೆರೆಗಳ ಅರ್ತ್ ಗುರುತಷ್ಟೇ ಆಗಿ ಉಳಿಯುತ್ತದೆ.

ಅಳೆಯುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮಲ್ಟಿಮೀಟರ್ ಇದ್ದವರೂ ಅದನ್ನು ಹೆಚ್ಚಾಗಿ ತಪ್ಪು ಹೊತ್ತಿನಲ್ಲಿ ಬಳಸುತ್ತಾರೆ. ವಿದ್ಯುತ್ ಹರಿಯದೆ ಇರುವಾಗ ತಂತಿಯ ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ಅದರ ತುದಿಯಲ್ಲಿ ಪೂರ್ತಿ 12 ವೋಲ್ಟ್ ಕಾಣುತ್ತದೆ. ಭಾರ ಹೊತ್ತಾಗಲೇ ಅದರ ಬಂಡವಾಳ ಬಯಲಾಗುವುದು. ಆದ್ದರಿಂದ ಗೇರನ್ನು ನ್ಯೂಟ್ರಲ್ಲಿಗೆ ತಂದು, ಹುಲ್ಲು ಕತ್ತರಿಸುವ ಬ್ಲೇಡಿನ ಕ್ಲಚ್ ಬಿಡಿಸಿ, ಎಂಜಿನ್ ಆಕಸ್ಮಿಕವಾಗಿ ಏಳದಂತೆ ಪ್ಲಗ್ಗಿನ ತಂತಿಯನ್ನು ಕಿತ್ತು ಬ್ಲಾಕಿಗೆ ತಾಗಿಸಿ ಕಟ್ಟಿದೆ. ಕೈಯ ಉಂಗುರವನ್ನೂ ತೆಗೆದಿಟ್ಟೆ. ಬ್ಯಾಟರಿಯ ಎರಡು ತುದಿಗಳ ನಡುವೆ ಪಾನಾ ಮತ್ತು ಉಂಗುರ ಸಿಕ್ಕಿಕೊಂಡರೆ ಬೆರಳೇ ಸುಡುತ್ತದೆ. ಆಮೇಲೆ ಹೆಂಡತಿಯನ್ನು ಸೀಟಿನ ಮೇಲೆ ಕೂರಿಸಿ, ನಾನು ಹೇಳಿದಾಗ ಎರಡೆರಡು ಸೆಕೆಂಡು ಮಾತ್ರ ಕೀಲಿ ತಿರುಗಿಸುವಂತೆ ಕೇಳಿಕೊಂಡೆ.

ಕೀಲಿ ತಿರುಗಿದ ಸ್ಥಿತಿಯಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವೆ 12.4 ವೋಲ್ಟ್ ಇತ್ತು. ಕೆಂಪು ಕೇಬಲ್ ಬಿಗಿದ ಮೋಟಾರಿನ ತಿರುಪಿಗೂ ಅದರ ಮೈಗೂ ನಡುವೆ ಇದ್ದದ್ದು ಕೇವಲ 3.1. ಉಳಿದ 9.3 ವೋಲ್ಟ್ ದಾರಿಯಲ್ಲೆಲ್ಲೋ ಸೋರಿಹೋಗುತ್ತಿತ್ತು. ಬ್ಯಾಟರಿಯ ಪ್ಲಸ್ಸಿನಿಂದ ಮೋಟಾರಿನ ತಿರುಪಿನವರೆಗೆ ಅಳೆದಾಗ ನಷ್ಟ 0.4 ಮಾತ್ರ, ಹೊಸ ಸೊಲೆನಾಯ್ಡ್, ಕೀಲಿಯ ಸ್ವಿಚ್, ಕೆಂಪು ಕೇಬಲ್ ಎಲ್ಲವೂ ನಿರ್ದೋಷಿಗಳು. ಬ್ಯಾಟರಿಯ ಮೈನಸ್ಸಿನಿಂದ ಮೋಟಾರಿನ ಮೈಗೆ ಅಳೆದಾಗ 8.9. ಆ ದಾರಿಯನ್ನು ಮೂರು ತುಂಡು ಮಾಡಿ ಅಳೆದೆ: ಮೈನಸ್ಸಿನಿಂದ ಚಾಸಿಸ್ಸಿಗೆ 0.3, ಬ್ಲಾಕಿನಿಂದ ಮೋಟಾರಿನ ಮೈಗೆ 0.1, ಚಾಸಿಸ್ಸಿನಿಂದ ಬ್ಲಾಕಿಗೆ 8.5. ಒಳ್ಳೆಯ ಕೂಡಿಕೆಯೊಂದರಲ್ಲಿ ಈ ಇಳಿತ 0.2 ವೋಲ್ಟಿಗಿಂತ ಹೆಚ್ಚಿರಬಾರದು. ಎಂಜಿನ್ನನ್ನು ಚಾಸಿಸ್ಸಿಗೆ ಬಿಗಿದ ನಾಲ್ಕು ಬೋಲ್ಟುಗಳ ಜಾಗದಲ್ಲಿ ವಿದ್ಯುತ್ತಿಗೆ ಸರಿಯಾದ ದಾರಿಯೇ ಇರಲಿಲ್ಲ ಎಂದಾಯಿತು.

ಬೋಲ್ಟ್ ಬಿಚ್ಚಿ ಎಂಜಿನ್ನನ್ನು ಒಂದು ಅಂಗುಲ ಎತ್ತಿದಾಗ ಕಾರಣ ಕಂಡಿತು. ನನಗೆ ಟ್ರ್ಯಾಕ್ಟರ್ ಮಾರಿದ ಹಿರಿಯರು ಅದನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಬೇರೆಬೇರೆಯಾಗಿ ಉಜ್ಜಿ, ಅಸ್ತರು ಬಳಿದು, ಎರಡು ಪದರ ಬಣ್ಣ ಹಚ್ಚಿ, ಒಣಗಿದ ಮೇಲೆ ಮತ್ತೆ ಜೋಡಿಸಿದ್ದರು. ಎಷ್ಟು ಅಚ್ಚುಕಟ್ಟಾದ ಕೆಲಸವೆಂದರೆ, ಯಾರ ಕಣ್ಣಿಗೂ ಬೀಳದ ಎಂಜಿನ್ ಪಾದದ ಅಡಿಯೂ ಕನ್ನಡಿಯಂತೆ ಹೊಳೆಯುತ್ತಿತ್ತು. ಎಂಜಿನ್ನಿಗೂ ಚಾಸಿಸ್ಸಿಗೂ ನಡುವೆ ನಾಲ್ಕು ಪದರ ಬಣ್ಣದ ಹಾಸಿಗೆ. ವಿದ್ಯುತ್ತು ಸಾಗಬೇಕಾದದ್ದು ಬೋಲ್ಟಿನ ತಿರುಪಿನ ಗೆರೆಗಳು ಅಲ್ಲಲ್ಲಿ ತಾಗಿದ ಕಡೆಗಳ ಮೂಲಕವೇ. ಕಾರಿನ ಕೇಬಲ್ ಹಾಕಿದಾಗ ಎಂಜಿನ್ ಎದ್ದದ್ದೇಕೆಂಬುದೂ ಆಗ ತಿಳಿಯಿತು. ನಾನು ಮೈನಸ್ ಕಚ್ಚಿಸಿದ್ದು ನೇರವಾಗಿ ಬ್ಲಾಕಿಗೆ, ಅಂದರೆ ಅರಿಯದೆಯೇ ಕೆಟ್ಟ ಕೂಡಿಕೆಯನ್ನು ದಾಟಿಸಿ ವಿದ್ಯುತ್ತಿಗೆ ಹೊಸ ದಾರಿ ಕೊಟ್ಟಿದ್ದೆ. ಚೋಕ್ ಕೇಬಲ್ ಬೆಚ್ಚಗಾದದ್ದೂ ಇದೇ ಕಾರಣಕ್ಕೆ: ಒಂದು ತುದಿ ಕಾರ್ಬುರೇಟರಿಗೆ, ಇನ್ನೊಂದು ತುದಿ ಡ್ಯಾಶ್‌ಬೋರ್ಡಿಗೆ ಸಿಕ್ಕಿಸಿದ ಆ ಬಡಪಾಯಿ ತಂತಿ, ಮೋಟಾರಿನ ವಿದ್ಯುತ್ತಿನ ಒಂದು ಪಾಲನ್ನು ತಾನೇ ಹೊತ್ತು ಚಾಸಿಸ್ಸಿಗೆ ಮುಟ್ಟಿಸುತ್ತಿತ್ತು. ಸೊಲೆನಾಯ್ಡೂ ಹೆಡ್‌ಲೈಟುಗಳೂ ಚಾಸಿಸ್ಸಿಗೇ ಅರ್ತ್ ಆಗಿದ್ದುದರಿಂದ ಅವು ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದವು.

ಓಮ್ ಅಳತೆಯಿಂದ ಇದು ಪತ್ತೆಯಾಗುತ್ತಿತ್ತೇ ಎಂದು ಕೇಳಬಹುದು. ತಿರುಗದೆ ನಿಂತ ಮೋಟಾರಿನ ಮೂಲಕ ಸುಮಾರು 50 ಆಂಪಿಯರ್ ಹರಿಯುತ್ತಿತ್ತೆಂದು ಇಟ್ಟುಕೊಂಡರೆ, 8.5 ವೋಲ್ಟ್ ನುಂಗಿದ ಆ ಕೂಡಿಕೆಯ ತಡೆ 0.17 ಓಮ್. ಸಾಧಾರಣ ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೂ ಹೆಚ್ಚುಕಡಿಮೆ ಅಷ್ಟೇ ಕಾಣುತ್ತದೆ. ಇಗ್ನಿಷನ್ ಕಾಯಿಲ್ ಬೇಡುವ ಮೂರು ಆಂಪಿಯರಿಗೆ ಇಷ್ಟು ತಡೆಯಿಂದಾಗುವ ನಷ್ಟ ಅರ್ಧ ವೋಲ್ಟು. ಹೀಗಾಗಿ ಒಮ್ಮೆ ಎದ್ದ ಎಂಜಿನ್ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು.

ದುರಸ್ತಿಗೆ ಹಿಡಿದದ್ದು ಒಂದು ಮಧ್ಯಾಹ್ನ. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಎಂಜಿನ್ ಪಾದದ ಅಡಿಯನ್ನೂ ಚಾಸಿಸ್ಸಿನ ಮೇಲ್ಮೈಯನ್ನೂ ಬೋಲ್ಟಿನ ಸುತ್ತ ಎಮರಿ ಪೇಪರಿನಿಂದ ಬೋಳು ಕಬ್ಬಿಣ ಕಾಣುವವರೆಗೆ ಉಜ್ಜಿದೆ. ಹಲ್ಲಿನ ವಾಷರ್ ಹಾಕಿ ಬಿಗಿದು, ಇಷ್ಟೂ ಸಾಲದೆಂದು ಬ್ಯಾಟರಿಯ ಮೈನಸ್ಸಿನಿಂದ ನೇರವಾಗಿ ಬ್ಲಾಕಿನ ಬೋಲ್ಟೊಂದಕ್ಕೆ ದಪ್ಪ ಕೇಬಲ್ ಎಳೆದೆ. ಕೀಲಿ ತಿರುಗಿಸಿ ಮತ್ತೆ ಅಳೆದರೆ, ಬ್ಯಾಟರಿಯಲ್ಲಿ 10.6, ಮೋಟಾರಿನಲ್ಲಿ 10.1, ಹೋಗುವ ದಾರಿಯ ನಷ್ಟ 0.3, ಬರುವ ದಾರಿಯದು 0.2. ಬ್ಯಾಟರಿಯ ವೋಲ್ಟೇಜ್ ಮೊದಲಿಗಿಂತ ಕೆಳಗಿಳಿದದ್ದು ಶುಭಲಕ್ಷಣ, ಏಕೆಂದರೆ ಈಗ ಅದು ನಿಜವಾಗಿ ಕೆಲಸ ಮಾಡುತ್ತಿತ್ತು. ಎಂಜಿನ್ ತಿರುಗುವಾಗ ಬ್ಯಾಟರಿಯಲ್ಲೇ 9.6ಕ್ಕಿಂತ ಕಡಿಮೆಯಾದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಬೇಕು. ಅದರ ಜೊತೆಗೇ, ಪ್ಲಗ್ಗಿಗೆ ಕಿಡಿ ಹುಟ್ಟಿಸಲು ಕೂಡಿ ಬಿಡುವ ಪಾಯಿಂಟಿನ ಮುಚ್ಚಳ ತೆಗೆದು, ಮುಖಗಳನ್ನು ಒರೆಸಿ, ಈ ಎಂಜಿನ್ನಿಗೆ ಹೇಳಿರುವ 0.020 ಅಂಗುಲದ ಸಂದಿಯನ್ನು ಫೀಲರ್ ಗೇಜಿನಿಂದ ಸರಿಪಡಿಸಿದೆ. ಪ್ಲಗ್ಗಿನ ತಂತಿ ಸಿಕ್ಕಿಸಿದ ಮೇಲೆ ಒಂದೇ ತಿರುವಿಗೆ ಎಂಜಿನ್ ಎದ್ದಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹತ್ತು ದಿನ ಬಳಸುವಷ್ಟರಲ್ಲಿ ಬ್ಯಾಟರಿ 12.1ಕ್ಕೆ ಇಳಿದಿತ್ತು, ಎಂಜಿನ್ ಓಡುವಾಗಲೂ ಆಂಪ್ ಮೀಟರಿನ ಮುಳ್ಳು ಮೈನಸ್ ಕಡೆಗೇ ವಾಲಿರುತ್ತಿತ್ತು. ಜನರೇಟರ್ ಸತ್ತಿದೆಯೋ ಕಟೌಟ್ ಸತ್ತಿದೆಯೋ ಎಂದು ತಿಳಿಯಲು ಈ ಬಗೆಯ ವಿನ್ಯಾಸದಲ್ಲಿ ಒಂದು ಸುಲಭ ಪರೀಕ್ಷೆಯಿದೆ. ಜನರೇಟರಿನ ಫೀಲ್ಡ್ ಸುರುಳಿಯ (ಕಾಂತಕ್ಷೇತ್ರ ಹುಟ್ಟಿಸುವ ಸುರುಳಿಯ) ತುದಿ ಕಟೌಟಿನ ಮೂಲಕವೇ ಅರ್ತಿಗೆ ಹೋಗುತ್ತದೆ. ಎಂಜಿನ್ ನಡುವೇಗದಲ್ಲಿ ಓಡುವಾಗ ಆ ತುದಿಯನ್ನು ಒಂದು ಕ್ಷಣ ಮಾತ್ರ ನೇರವಾಗಿ ಅರ್ತಿಗೆ ತಾಗಿಸಿದರೆ, ಜನರೇಟರ್ ಚೆನ್ನಾಗಿದ್ದಲ್ಲಿ ಮುಳ್ಳು ಪ್ಲಸ್ ಕಡೆಗೆ ಜಿಗಿಯಬೇಕು. (ಎಲ್ಲ ಜನರೇಟರುಗಳಿಗೂ ಇದು ಹೊಂದುವುದಿಲ್ಲ, ಫೀಲ್ಡ್ ಸುರುಳಿ ಒಳಗಡೆಯೇ ಅರ್ತ್ ಆಗಿರುವ ಬಗೆಗೆ ಹೀಗೆ ಮಾಡಬಾರದು.) ಮುಳ್ಳು ಜಿಗಿಯಿತು. ಈ ಸಲ ಕಟೌಟ್ ತರಿಸಲು ನಾನು ಅವಸರಪಡಲಿಲ್ಲ. ಅದರ ತಳದ ಎರಡು ಸ್ಕ್ರೂ ಬಿಚ್ಚಿ ನೋಡಿದೆ: ಅಡಿಯಲ್ಲಿ ಅದೇ ಹೊಳೆಯುವ ಬಣ್ಣ. ಉಜ್ಜಿ ಕೂರಿಸಿ, ಕೈಪಿಡಿ ಹೇಳಿದಂತೆ ಎಂಜಿನ್ ಹಚ್ಚುವ ಮೊದಲು ಕಟೌಟಿನ ಬ್ಯಾಟರಿ ತಿರುಪಿಗೂ ಜನರೇಟರ್ ತಿರುಪಿಗೂ ತಂತಿಯ ತುಂಡೊಂದನ್ನು ಕ್ಷಣಕಾಲ ತಾಗಿಸಿ ಜನರೇಟರಿನ ಧ್ರುವಗಳನ್ನು ಖಚಿತಪಡಿಸಿದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ವೋಲ್ಟ್ ಕಂಡಿತು.

ನವೆಂಬರಿನ ಕೊನೆಯಲ್ಲಿ ಮೊದಲ ಹಿಮ ಬಿದ್ದ ದಿನ ಆ ಹಿರಿಯರು ತಮ್ಮ ಹಳೆಯ ಟ್ರ್ಯಾಕ್ಟರಿನ ಸದ್ದು ಕೇಳಿ ನಡೆದು ಬಂದರು. ಎಂಜಿನ್ ಪಾದದ ಸುತ್ತ ಬೋಳಾದ ಕಬ್ಬಿಣವನ್ನು ಕಂಡು ಅವರ ಮುಖ ಸಣ್ಣಗಾದದ್ದನ್ನು ನೋಡಿ ನಾನು ಅಳತೆಗಳನ್ನು ಬರೆದ ಚೀಟಿ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ ಹಿಂದಿರುಗಿಸಿದರು. ಮರುದಿನ ಬೆಳಿಗ್ಗೆ ಪುಟ್ಟ ಡಬ್ಬಿಯಲ್ಲಿ ಉಳಿದ ಬಣ್ಣವನ್ನೂ ಬ್ರಶ್ಶನ್ನೂ ಹಿಡಿದು ಬಂದು, ಬಿಗಿದ ಬೋಲ್ಟುಗಳ ಸುತ್ತ, ತುಕ್ಕು ಹಿಡಿಯದಂತೆ, ಕೂಡಿಕೆಯ ಹೊರಗಡೆಯಷ್ಟೇ ಬಣ್ಣ ಬಳಿದು ಹೋದರು.