ಬರುವಾಗ ನಲವತ್ತೆಂಟು, ಹೋಗುವಾಗ ಐದು

"ಕಸ್ಟಮ್ಸ್ ಫಾರ್ಮಿನಲ್ಲಿ ಬೆಲೆ ಐದು ಯೂರೋ ಅಂತ ಬರೆಯಿರಿ. ಧನ್ಯವಾದಗಳು."

ಜರ್ಮನಿಯ ಅಂಗಡಿಯವನು ಕಳಿಸಿದ ಈ ಒಂದು ಸಾಲು ಈ ವಾರವೆಲ್ಲ ತಲೆಯಲ್ಲಿ ಕೂತುಬಿಟ್ಟಿದೆ. ಅವನಿಂದ ತರಿಸಿದ ಕಾರಿನ ಬಿಡಿಭಾಗ ತಪ್ಪು ಬಂದಿತ್ತು, ವಾಪಸ್ ಕಳಿಸಬೇಕಿತ್ತು. ಅದಕ್ಕೆ ನಾನು ಕೊಟ್ಟಿದ್ದು 48 ಯೂರೋ. ಅವನ ಬಿಲ್ಲಿನಲ್ಲೂ ಅಷ್ಟೇ ಇತ್ತು. ಅದರ ಮೇಲೇ ಇಲ್ಲಿ ಸುಂಕ ಕಟ್ಟಿ ಬಿಡಿಸಿಕೊಂಡಿದ್ದೆ. ಈಗ ಅದೇ ಡಬ್ಬ, ಅದೇ ಕಬ್ಬಿಣ. ಬೆಲೆ ಮಾತ್ರ ಐದಕ್ಕೆ ಇಳಿಯಬೇಕಂತೆ.

ಕಾರು ಅಪ್ಪನದು. ಓಪೆಲ್ ಕೋರ್ಸಾ. ನಮ್ಮ ದೇಶದಲ್ಲಿ ಓಪೆಲ್ ಹೆಸರಿನ ಕಾರು ಮಾರುವುದು 2006ಕ್ಕೇ ನಿಂತಿತು. 2017ರ ಕೊನೆಗೆ ಅದನ್ನು ಮಾರುತ್ತಿದ್ದ ಜನರಲ್ ಮೋಟರ್ಸ್ ಇಲ್ಲಿನ ವ್ಯಾಪಾರಕ್ಕೇ ಬಾಗಿಲು ಹಾಕಿತು. ಅಪ್ಪ ಮಾತ್ರ ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನೋಕೆ ಹೋಗುವುದೂ ಅದರಲ್ಲೇ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರದಲ್ಲಿ ಕಟಕಟ ಸದ್ದು ಬರುತ್ತಿತ್ತು. ತುಮಕೂರಿನ ಶಿರಾ ಗೇಟ್ ಹತ್ತಿರದ ಗ್ಯಾರೇಜಿನ ಭಾಯ್ ಬಾನೆಟ್ ಎತ್ತಲೂ ಇಲ್ಲ. ಸದ್ದು ಕೇಳಿಯೇ "ಸಿವಿ ಜಾಯಿಂಟ್ ಹೋಗಿದೆ ಸಾರ್" ಅಂದರು. ಎಂಜಿನ್ನಿನ ತಿರುಗುವ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕಬ್ಬಿಣದ ಕೀಲು ಅದು, ತುದಿಯಲ್ಲಿ ಸುತ್ತ ಹಲ್ಲು ಇರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಹೊಸದು ಇಲ್ಲ. ಹಾಗಾಗಿ ಜರ್ಮನಿ. ಮೊಬೈಲಿನಲ್ಲಿ ಬೆರಳು ಒತ್ತಿದರೆ ಮುಗಿಯಿತು, ಕೊಳ್ಳೋದು ಎಷ್ಟು ಸಲೀಸು ಅಲ್ವಾ!

ಡಬ್ಬದ ಮೇಲಿನ ಚೀಟಿಯಲ್ಲಿ ಹಲ್ಲು 22 ಅಂತ ಸ್ಪಷ್ಟವಾಗಿ ಇತ್ತು. ಡಬ್ಬದೊಳಗಿದ್ದ ಜಾಯಿಂಟ್ ಮಾತ್ರ ಚಕ್ರದ ನಡುವಿನ ಹಬ್ಬಿನೊಳಗೆ ಹೋಗಲೊಲ್ಲದು. ಭಾಯ್ ಕೈ ಒರೆಸಿಕೊಂಡು ನೆಲದ ಮೇಲೆ ಗೋಣಿಚೀಲ ಹಾಸಿ ಹಳೇದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು. ಒಂದು ಹಲ್ಲಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ, ಹೆಬ್ಬೆರಳ ಉಗುರಿನಿಂದ ಒಂದೊಂದೇ ಹಲ್ಲು ದಾಟಿಸುತ್ತಾ ಎಣಿಸಿದರು. ಹಳೇದು 22. ಹೊಸದು 33. ನನ್ನ ಕೈಲೂ ಎಣಿಸಿದರು. "ನಾನು ಎಣಿಸಿದ್ದಲ್ಲ, ನೀವೇ ಎಣಿಸಿದ್ದು, ನೆನಪಿರಲಿ" ಅಂದರು. ಭಾಯ್ ಯಾವತ್ತೂ ಹಾಗೆ. ಕೆಲಸ ನಿಧಾನ, ಆದರೆ ಕೈ ಚೊಕ್ಕ. ಅಡ್ವಾನ್ಸ್ ಕೊಡೋಕೆ ಹೋದರೆ ಬೈದು ಕಳಿಸುತ್ತಾರೆ.

ಅಂಗಡಿಯವನಿಗೆ ಫೋಟೋ ಕಳಿಸಿದೆ. ಉತ್ತರ ಬೇಗ ಬಂತು, ಬಹಳ ನಯವಾಗಿ ಬಂತು. ಸಾಮಾನು ನೀವೇ ಇಟ್ಟುಕೊಳ್ಳಿ, ಕಾಲು ಭಾಗ ದುಡ್ಡು ವಾಪಸ್ ಕೊಡ್ತೀವಿ ಅಂತ. ಮೂವತ್ಮೂರು ಹಲ್ಲಿನ ಜಾಯಿಂಟ್ ಇಟ್ಟುಕೊಂಡು ನಾನೇನು ಬೆಣ್ಣೆ ಕಡೆಯಲೇ? ಆಗಲ್ಲ ಅಂದೆ. ಸರಿ, ಕಳಿಸಿ, ಅಂಚೆ ಖರ್ಚು ನೀವು ಹಾಕಿರಿ, ಆಮೇಲೆ ಕೊಡ್ತೀವಿ ಅಂದ. ಅದರ ಕೊನೆಗೇ ಆ ಸಾಲು ಇತ್ತು. ಐದು ಯೂರೋ ಅಂತ ಬರೆಯಿರಿ.

ಭಾವನಿಗೆ ಹೇಳಿದೆ. "ಬರೆದು ಬಿಸಾಕು, ನಿನ್ನ ಗಂಟೇನು ಹೋಗುತ್ತೆ?" ಅಂದರು. ಭಾವ ಒಳ್ಳೆಯವರೇ. ಕಷ್ಟ ಅಂದರೆ ರಾತ್ರೋರಾತ್ರಿ ಬಂದು ನಿಲ್ಲುತ್ತಾರೆ. ಆದರೆ ಕಾಗದದ ಮೇಲೆ ಬರೆಯುವ ಅಂಕಿಗೂ ನಿಜಕ್ಕೂ ಏನೋ ಸಂಬಂಧ ಇರಬೇಕು ಅನ್ನೋದು ಅವರಿಗೆ ಹೊಳೆಯುವುದೇ ಇಲ್ಲ. ಅಪ್ಪ ತಾಲ್ಲೂಕು ಆಫೀಸಿನಲ್ಲಿ ಸವೆದವರು. ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಸುಳ್ಳು ಬೇಕಾಗಿರೋದು ಅವನಿಗೆ. ಸೈನು ಯಾಕೆ ನಿಂದು?"

ಪೋಸ್ಟ್ ಆಫೀಸಿನಲ್ಲಿ ಕೊಟ್ಟಿದ್ದು ಸಿಎನ್ 23 ಅನ್ನೋ ಫಾರ್ಮು. ಒಳಗೆ ಏನಿದೆ, ತೂಕ ಎಷ್ಟು, ಬೆಲೆ ಎಷ್ಟು. ಕೆಳಗೆ, ಈ ವಿವರ ಸರಿಯಾಗಿದೆ ಅಂತ ಒಂದು ಸಾಲು, ಅಲ್ಲಿ ನಮ್ಮ ಸಹಿ. ಕೌಂಟರಿನ ಮೇಡಂ "ಗಿಫ್ಟಾ?" ಅಂದರು. ಅಲ್ಲ, ವಾಪಸ್ ಕಳಿಸ್ತಿರೋದು ಅಂದೆ. "ವಾಪಸ್ಸಾ? ಜರ್ಮನಿಗಾ?" ಅಂತ ಕನ್ನಡಕ ಮೇಲೆ ಮಾಡಿ ನನ್ನನ್ನೇ ನೋಡಿದರು. ಹಿಂದೆ ನಿಂತಿದ್ದವರೊಬ್ಬರು "ಗಿಫ್ಟ್ ಅಂತ ಹಾಕ್ಬಿಡಿ, ತಲೆನೋವಿಲ್ಲ" ಅಂತ ಕೇಳದೆ ಸಲಹೆ ಕೊಟ್ಟರು. ಮೇಡಂ ಫಾರ್ಮನ್ನು ತಿರುಗಿಸಿ ಪೆನ್ನಿನ ತುದಿಯಿಂದ ಒಂದು ಚೌಕ ತೋರಿಸಿದರು. ಗಿಫ್ಟ್, ಸ್ಯಾಂಪಲ್ಲುಗಳ ಜೊತೆಗೇ ವಾಪಸ್ ಹೋಗುವ ಸರಕು ಅಂತ ಬೇರೆ ಚೌಕವೇ ಇದೆ! ಬೆಲೆ ಐದು ಬರೆಯಲು ಹೇಳಿದ್ದಾರೆ ಅಂದಾಗ ಅವರು ಅಂದದ್ದು ಇಷ್ಟೇ: "ಬರೀರಿ ಸಾರ್, ನಂದೇನಿಲ್ಲ. ದಾರೀಲಿ ಕಳೆದುಹೋದ್ರೆ ನೀವು ಕೇಳಬಹುದಾದದ್ದೂ ಐದೇ."

48 ಅಂತ ಬರೆದೆ. ಚೌಕಕ್ಕೆ ಟಿಕ್ ಹಾಕಿದೆ. ಸ್ಪೀಡ್ ಪೋಸ್ಟ್ ಖರ್ಚು ಸಾಮಾನಿನ ಅರ್ಧ ಬೆಲೆಗಿಂತ ಜಾಸ್ತಿ ಆಯಿತು.

ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಸುಂಕ ತಪ್ಪಿಸಿಕೊಳ್ಳೋಕೆ ಅವನಿಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಯೂರೋಪಿಯನ್ ಒಕ್ಕೂಟದಿಂದ ಹೊರಗೆ ಹೋದ ಸರಕು ಮೂರು ವರ್ಷದೊಳಗೆ ಇದ್ದ ಸ್ಥಿತಿಯಲ್ಲೇ ವಾಪಸ್ ಬಂದರೆ ಆಮದು ಸುಂಕದಿಂದ ವಿನಾಯಿತಿ ಇದೆ. ಅವನು ಹಳೇ ಬಿಲ್ಲು ತೋರಿಸಿ ಕೇಳಬೇಕು, ಅಷ್ಟೇ. ಆ ಕಾಗದದ ಕೆಲಸ ಯಾರಿಗೆ ಬೇಕು? ತುಮಕೂರಿನ ಒಬ್ಬ ಸಹಿ ಹಾಕಿದರೆ ಮುಗಿಯಿತು. ನಮ್ಮ ಕಡೆಯೂ ಅಷ್ಟೇ. 1962ರ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬಳಸದ ಸಾಮಾನನ್ನು ಎರಡು ವರ್ಷದೊಳಗೆ ಹೊರಗೆ ಕಳಿಸಿದರೆ ಕಟ್ಟಿದ ಸುಂಕದ ಶೇಕಡಾ 98ರಷ್ಟನ್ನು ವಾಪಸ್ ಕೇಳಬಹುದು. ಒಂದು ಜಾಯಿಂಟಿಗೋಸ್ಕರ ಅದರ ಹಿಂದೆ ಬಿದ್ದರೆ ಏಜೆಂಟ್ ಫೀಸೇ ಸುಂಕವನ್ನು ಮೀರುತ್ತೆ. ನೇರ ದಾರಿ ಇದೆ, ಆದರೆ ನಡೆಯುವವನ ಕಾಲು ಸೋಲುವ ಹಾಗೆ ಇದೆ. ಅದಕ್ಕೇ ಜನ ಅಡ್ಡದಾರಿ ಹಿಡಿದು, ಅದಕ್ಕೆ ಧನ್ಯವಾದ ಬೇರೆ ಸೇರಿಸುತ್ತಾರೆ.

ಸೈಟು ಕೊಳ್ಳುವಾಗಲೂ ಇದೇ ಕಥೆ. ನಮ್ಮ ಕಡೆ ಯಾರನ್ನಾದರೂ ಕೇಳಿ. ಒಂದು ಮಾತಾಡಿದ ರೇಟು, ಇನ್ನೊಂದು ಬರೆಯುವ ರೇಟು. ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಕೂತ ಮುದುಕರೂ "ಕಾಗದದಲ್ಲಿ ಎಷ್ಟು?" ಅಂತ ತಣ್ಣಗೆ ಕೇಳುತ್ತಾರೆ. ಮಾರುವವನಿಗೆ ಅನುಕೂಲ, ಕೊಳ್ಳುವವನಿಗೂ ಅನುಕೂಲ. ನಾಳೆ ಸಾಲ ತೆಗೆಯುವಾಗಲೋ ಮಾರುವಾಗಲೋ ಆ ಚಿಕ್ಕ ಅಂಕಿ ಎದುರಿಗೆ ಬಂದು ನಿಂತಾಗ ಮಾತ್ರ, ಮಾರಿದವನು ಫೋನ್ ಎತ್ತಲ್ಲ.

ರಸೀದಿ ಫೋಟೋ ಕಳಿಸಿದ ಮೇಲೆ ಜರ್ಮನಿಯವನ ಉತ್ತರ ಬಂದಿದೆ. ಬೆಲೆ ಪೂರ್ತಿ ಬರೆದಿದ್ದೀರಿ, ನಮಗೆ ತೆರಿಗೆ ಬಿದ್ದರೆ ನಿಮ್ಮ ದುಡ್ಡಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ. ಟಿಕ್ ಹಾಕಿದ ಚೌಕಕ್ಕೆ ಕೆಂಪು ಸುತ್ತು ಹಾಕಿ ಮತ್ತೆ ಕಳಿಸಿದ್ದೇನೆ. ಭಾಯ್ ಶಿವಾಜಿನಗರದ ಗುಜರಿಯಿಂದ ಹಳೇ ಜಾಯಿಂಟ್ ಒಂದನ್ನು ತರಿಸಿದ್ದಾರೆ. ಹಲ್ಲು 22, ಅಪ್ಪನೇ ಖುದ್ದಾಗಿ ಎಣಿಸಿಕೊಂಡು ಬಂದರು.

ಮುಂದಿನ ತಿಂಗಳು ಭಾವನ ಸೈಟು ರಿಜಿಸ್ಟ್ರೇಶನ್ ಇದೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇಕಡಾ 1ರಿಂದ 2ಕ್ಕೆ ಏರಿದ್ದಕ್ಕೆ ಇವತ್ತಿಗೂ ಸರ್ಕಾರವನ್ನು ಬೈಯುತ್ತಿದ್ದಾರೆ. ಸಾಕ್ಷಿ ಸಹಿಗೆ ನಾನೇ ಬರಬೇಕಂತೆ. ಅಕ್ಕ ಆಗಲೇ ನನ್ನ ಆಧಾರ್ ಕಾಪಿ ಕೇಳಿದ್ದಾಳೆ. ಕಾಗದದಲ್ಲಿ ಎಷ್ಟು ಅಂತ ಕೇಳಿದೆ. "ಬಂದು ನೋಡೋವಂತೆ, ಬಾರೋ" ಅಂದಳು.