ಟೊಮೆಟೊ ದುಡ್ಡು, ರೋಮ್ ಪಟ್ಟಿ

ಅಪ್ಪನಿಗೆ ಯಾವ ಲೆಕ್ಕ ತೋರಿಸಿದರೂ ಕೇಳುವುದು ಒಂದೇ ಪ್ರಶ್ನೆ. "ಕೈಗೆ ಎಷ್ಟು ಬತ್ತದೆ, ಅದ್ ಹೇಳು." ಮಂಡಿಯಲ್ಲಿ ಟೊಮೆಟೊ ಬಾಕ್ಸ್ 600ಕ್ಕೆ ಕೂಗಿದರು ಅಂತ ಯಾರಾದರೂ ಖುಷಿಪಟ್ಟರೆ ಅಪ್ಪ ನಗುತ್ತಾರೆ. ಕಮಿಷನ್, ಹಮಾಲಿ, ಗಾಡಿ ಬಾಡಿಗೆ, ಬಿಡಿಸಿದವರ ಕೂಲಿ ಎಲ್ಲ ಕಳೆದು ಮಂಡಿಯವರು ಕೊಡುವ ಲೆಕ್ಕದ ಪಟ್ಟಿಯ ಕೊನೆ ಸಾಲಿನಲ್ಲಿ ಉಳಿಯುತ್ತದಲ್ಲ, ಅದೇ ರೇಟು. ಮಿಕ್ಕಿದ್ದೆಲ್ಲ ಬರೀ ಕೂಗು ಅನ್ನುವುದು ಅವರ ವಾದ.

ರೋಮ್‌ಗೆ ಹೋಗುವ ಬಜೆಟ್ ಹಾಕುವಾಗ ನಾನು ಈ ಮಾತನ್ನು ಮರೆತೆ. ಅದಕ್ಕೇ 48,000 ರೂಪಾಯಿ ಜಾಸ್ತಿ ಆಯಿತು.

ರೋಮ್ ಯಾಕೆ ಅಂತ ಕೋಲಾರದಲ್ಲಿ ಎಲ್ಲರೂ ಕೇಳಿದ್ದಾರೆ. "ರೋಮ್ ಹೊತ್ತಿ ಉರಿಯುವಾಗ ನೀರೋ ಪಿಟೀಲು ಬಾರಿಸುತ್ತಿದ್ದ" ಅನ್ನುವ ಮಾತು ಇದೆಯಲ್ಲ, ಅಪ್ಪನಿಗೆ ಅದು ಬಾಯಿಪಾಠ. ಬರ ಬಂದು ಮಂತ್ರಿಗಳು ಊರಲ್ಲಿ ಇಲ್ಲದಿದ್ದರೆ ನೀರೋ. ಕರೆಂಟ್ ಹೋಗಿ ಲೈನ್‌ಮ್ಯಾನ್ ಫೋನ್ ಎತ್ತದಿದ್ದರೂ ನೀರೋ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತು, ನೆನಪಿರಬೇಕು. ಅದೃಷ್ಟಕ್ಕೆ ನಮ್ಮ ಒಂದೂವರೆ ಎಕರೆ ಆಗಲೇ ಕೊಯ್ಲಿಗೆ ಬಂದಿತ್ತು. ಹಿಂದೆ ಎಷ್ಟೋ ಸಲ ಇದೇ ಹಣ್ಣನ್ನು ರಸ್ತೆ ಪಕ್ಕ ಸುರಿದು ಬಂದಿದ್ದೇವೆ. ಸಾಲ ತೀರಿಸಿ ಮಿಕ್ಕಿದ್ದನ್ನು ಅಪ್ಪ ಎಫ್‌ಡಿ ಇಟ್ಟರು. ವರ್ಷ ಕಳೆದ ಮೇಲೆ ಒಂದು ದಿನ ಮುದ್ದೆ ಮುರಿಯುತ್ತಾ, "ಆ ನೀರೋ ಊರು ನೋಡ್ಬೋದೇನಪ್ಪ, ಎಷ್ಟಾಯ್ತದೆ?" ಅಂದರು. ನಾನು ತಮಾಷೆ ಅಂದುಕೊಂಡೆ. ನನ್ನ ಹೆಂಡತಿ ಮಾತ್ರ ಅವತ್ತು ರಾತ್ರಿಯೇ ಟಿಕೆಟ್ ರೇಟ್ ನೋಡಲು ಕೂತಳು.

ಮೊದಲು ಒಬ್ಬ ಏಜೆಂಟನ್ನು ಕೇಳಿದೆವು. ತಲೆಗೆ 1,15,000, ಎಲ್ಲ ಸೇರಿ ಅಂದ. ಕೊನೆ ಪುಟ ನೋಡಿದರೆ ವೀಸಾ ಬೇರೆ, ಮಧ್ಯಾಹ್ನದ ಊಟ ಬೇರೆ, ಟಿಪ್ಸ್ ಬೇರೆ, ಸಿಟಿ ಟ್ಯಾಕ್ಸ್ ಬೇರೆ. ಇದರ ಮೇಲೆ ವಿದೇಶಿ ಪ್ಯಾಕೇಜಿಗೆ ಆಗ ಟಿಸಿಎಸ್ ಅಂತ 5% ಮುಂಗಡ ತೆರಿಗೆ ಹಿಡಿಯುತ್ತಿದ್ದರು. ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ, ಸರಿ. ಆದರೆ ಅಪ್ಪನದು ಬರೀ ಕೃಷಿ ಆದಾಯ, ತೆರಿಗೆಯೇ ಇಲ್ಲ, ರಿಟರ್ನ್ ಹಾಕಿದವರೇ ಅಲ್ಲ. "ಇದು ಬಿಳಿ ಚೀಟಿ ವ್ಯಾಪಾರ, ಬ್ಯಾಡ" ಅಂದುಬಿಟ್ಟರು. ಮಂಡಿಯಲ್ಲಿ ಸರಿಯಾದ ಬಿಲ್ ಇಲ್ಲದೆ ಬರೆದುಕೊಡುವ ಚೀಟಿ ಅದು. ನಾವೇ ಮಾಡಿಕೊಳ್ಳೋಣ ಅಂತಾಯಿತು. ಮೂರು ಜನ, ಏಳು ರಾತ್ರಿ, 2024ರ ನವೆಂಬರ್ 18ರಿಂದ 25. ಮಳೆ ಕಾಲ, ಜನ ಕಡಿಮೆ, ರೂಮು ಅಗ್ಗ. ನನ್ನ ಬಜೆಟ್ 2,90,000.

ಬೆಂಗಳೂರಿನಿಂದ ರೋಮ್‌ಗೆ ಗಲ್ಫ್‌ನಲ್ಲಿ ಇಳಿದು ಹತ್ತುವ ಟಿಕೆಟ್ ಒಬ್ಬರಿಗೆ 54,000ಕ್ಕೆ ಸಿಕ್ಕಿತು. ಮೂವರಿಗೆ 1,62,000. ಇಟಲಿಗೂ ಯೂರೋಪಿನ ಇನ್ನೂ ಹಲವು ದೇಶಗಳಿಗೂ ಒಂದೇ ಆಗುವ ಷೆಂಗೆನ್ ವೀಸಾದ ಫೀಸು 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತ್ತು. ಸರ್ವಿಸ್ ಚಾರ್ಜು, ಫೋಟೊ, ಜೆರಾಕ್ಸು, ಬೆಂಗಳೂರಿಗೆ ಓಡಾಟ ಸೇರಿ ತಲೆಗೆ 10,000 ಹೋಯಿತು. ವೀಸಾ ಸಿಗದಿದ್ದರೆ ಫೀಸು ವಾಪಸ್ ಇಲ್ಲ. ಅಪ್ಪನ ಕಾಗದ ಜೋಡಿಸುವುದೇ ದೊಡ್ಡ ಕೆಲಸವಾಯಿತು. ಐಟಿ ರಿಟರ್ನ್ ಇಲ್ಲ, ಸಂಬಳದ ಚೀಟಿ ಇಲ್ಲ. ಪಹಣಿ ತೆಗೆಸಿ ಇಂಗ್ಲಿಷ್‌ಗೆ ಮಾಡಿಸಿದೆವು. ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ ರಸೀದಿ, ಖರ್ಚು ನನ್ನದು ಅಂತ ನನ್ನದೊಂದು ಪತ್ರ, ಜೊತೆಗೆ ಮಂಡಿ ಪಟ್ಟಿಗಳ ಒಂದು ಕಟ್ಟು. ಆ ಕಟ್ಟು ಯಾರೂ ಕೇಳಿರಲಿಲ್ಲ, ಅಪ್ಪನೇ ಹಟ ಮಾಡಿ ಇಡಿಸಿದ್ದು. ಯಾರು ಓದಿದರೋ ಗೊತ್ತಿಲ್ಲ, ವೀಸಾ ಮಾತ್ರ ಬಂತು. ಒಂದು ಕಿವಿಮಾತು: ಅರ್ಜಿಗೆ ವಾರ ಇರುವಾಗ ಅಕೌಂಟಿಗೆ ದಿಢೀರನೆ ದೊಡ್ಡ ಮೊತ್ತ ತುಂಬಬೇಡಿ. ಎಲ್ಲಿಂದ ಬಂತು ಅಂತ ಅನುಮಾನ ಬರುತ್ತದೆ.

ಇನ್ಶೂರೆನ್ಸ್ ಕಡ್ಡಾಯ. ಕನಿಷ್ಠ 30,000 ಯೂರೋ ಕವರ್ ಇರಬೇಕು. ನಮ್ಮಿಬ್ಬರಿಗೆ ಕಡಿಮೆಯೇ, 68 ವರ್ಷದ ಅಪ್ಪನಿಗೆ ನಮ್ಮ ಎರಡರಷ್ಟಕ್ಕಿಂತ ಜಾಸ್ತಿ. ಮೂರೂ ಸೇರಿ 6,000. ಪಾಸ್‌ಪೋರ್ಟ್‌ನಲ್ಲಿ ಮಾತ್ರ ಲಾಭ. ಅರವತ್ತು ದಾಟಿದವರು ಹೊಸದಾಗಿ ಮಾಡಿಸಿದರೆ 10% ರಿಯಾಯಿತಿ, 1,500ರ ಬದಲು 1,350. ಉಳಿದ 150 ರೂಪಾಯಿಯ ಬಗ್ಗೆ ಅಪ್ಪ ಊರಿಗೆಲ್ಲ ಹೇಳಿದರು. ಆಮೇಲೆ ಜಾಕೆಟ್, ಶೂ, ಥರ್ಮಲ್. ಇದು ನನ್ನ ಬಜೆಟ್‌ನಲ್ಲೇ ಇರಲಿಲ್ಲ. ಕೋಲಾರದ ಚಳಿಗೆ ತೊಡುವ ಸ್ವೆಟರ್ ಸಾಕು ಅಂದುಕೊಂಡಿದ್ದೆ!

ಒಟ್ಟಿನಲ್ಲಿ ಮನೆ ಬಾಗಿಲು ದಾಟುವ ಮೊದಲೇ 2,10,000 ಕೈಬಿಟ್ಟಿತ್ತು.

ರೂಮು ಹಿಡಿಯುವುದರಲ್ಲಿ ಹೆಂಡತಿ ಜಾಣತನ ಮಾಡಿದಳು. ಊರ ನಡುವೆ ಬೇಡ, ಒಸ್ತಿಯೆನ್ಸೆ ಸ್ಟೇಷನ್ ಹತ್ತಿರ ಅಡುಗೆಮನೆ ಇರುವ ಮನೆ ಬೇಕು ಅಂದಳು. ರಾತ್ರಿಗೆ 85 ಯೂರೋ. ಏರ್‌ಪೋರ್ಟಿನಿಂದ ಊರ ನಡುವಿನ ತೆರ್ಮಿನಿ ಸ್ಟೇಷನ್‌ಗೆ ಹೋಗುವ ಎಕ್ಸ್‌ಪ್ರೆಸ್ ರೈಲು ಒಬ್ಬರಿಗೆ 14 ಯೂರೋ. ಒಸ್ತಿಯೆನ್ಸೆಗೆ ಬರುವ ಮಾಮೂಲಿ ಲೋಕಲ್ ರೈಲು 8. ಮೂವರು ಹೋಗಿ ಬರುವಷ್ಟರಲ್ಲಿ 36 ಯೂರೋ ಉಳಿಯಿತು. ನಾವು ಯೂರೋ ಕೊಂಡದ್ದು 92ರ ಲೆಕ್ಕದಲ್ಲಿ, ಗುಣಿಸಿಕೊಳ್ಳಿ.

ಈ ಗುಣಿಸುವ ಚಾಳಿ ಮೊದಲ ಎರಡು ದಿನ ನಮ್ಮನ್ನು ಕೊಂದಿತು. ಬಾರ್ ಕೌಂಟರಿನಲ್ಲಿ ನಿಂತು ಕುಡಿದರೆ ಕಾಫಿ 1.20 ಯೂರೋ. ಅಲ್ಲಿ ಬಾರ್ ಅಂದರೆ ಕಾಫಿ ಅಂಗಡಿ, ಗಾಬರಿಯಾಗಬೇಡಿ. ಅದೇ ಕಾಫಿಯನ್ನು ಟೇಬಲ್‌ಗೆ ತರಿಸಿದರೆ ಎರಡರಷ್ಟೋ ಮೂರರಷ್ಟೋ ಆಗುತ್ತದೆ. ನಿಂತು ಕುಡಿದರೂ 110 ರೂಪಾಯಿ, ಅದೂ ಒಂದು ಗುಟುಕು. ಅಪ್ಪ ಬಟ್ಟಲಿನ ತಳ ನೋಡಿ, "ಇದು ರುಚಿ ನೋಡೋಕೆ ಕೊಟ್ಟಿರೋದು, ಕಾಫಿ ಆಮೇಲೆ ಕೊಡ್ತಾರೇನೋ" ಅಂತ ಕಾದು ನಿಂತಿದ್ದರು.

ಮೊದಲ ಏಟು ಬಿದ್ದದ್ದು ಬೀಗದ ಕೈ ಕೊಡುವಾಗಲೇ. ರೂಮಿನ ದುಡ್ಡು ಮೊದಲೇ ಕಟ್ಟಿದ್ದೆವು. ಆ ಹೆಂಗಸು ನಗುತ್ತಾ ಇನ್ನೂ 126 ಯೂರೋ ಕೇಳಿದರು. ಸಿಟಿ ಟ್ಯಾಕ್ಸ್. ರೂಮಿಗಲ್ಲ, ತಲೆಗೆ, ಅದೂ ರಾತ್ರಿಗೆ 6 ಯೂರೋ. 11,600 ರೂಪಾಯಿ! ಮೋಸ ಏನಲ್ಲ, ಬುಕಿಂಗ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಏಜೆಂಟನ ಚೀಟಿಯಲ್ಲೂ ಇತ್ತು. ನಾನೇ ಓದಿ, ನಾನೇ ಬಿಟ್ಟಿದ್ದೆ. ಅಪ್ಪ ಒಂದೇ ಮಾತು ಅಂದರು. "ಹಮಾಲಿ ಹಿಡ್ಕೊಂಡ್ರು."

ಎರಡನೇ ಏಟು ಕಾರ್ಡ್ ಮಿಷನ್ನಿಂದ. ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಯೂರೋನಾ ರೂಪಾಯಿನಾ ಅಂತ ಕೇಳುತ್ತದೆ. ನಮ್ಮ ರೂಪಾಯಿ ಕಂಡ ಸಂತೋಷಕ್ಕೆ ಹೆಂಡತಿ ಅದನ್ನೇ ಒತ್ತಿದಳು. 62 ಯೂರೋ ಬಿಲ್ಲಿಗೆ 6,050 ರೂಪಾಯಿ ಹೋಯಿತು, 5,700 ಆಗಬೇಕಿತ್ತು. ರೂಪಾಯಿ ಒತ್ತಿದರೆ ರೇಟು ಹಾಕುವವರು ಅವರು. ಯಾವಾಗಲೂ ಯೂರೋ ಒತ್ತಿ. ಮಾಮೂಲಿ ಬ್ಯಾಂಕ್ ಕಾರ್ಡ್‌ಗೂ ಮೂರೂವರೆ ಪರ್ಸೆಂಟಿನವರೆಗೆ ಮಾರ್ಕಪ್ ಅಂತ ಮೇಲೆ ಹಿಡಿಯುತ್ತಾರೆ, ಹಾಗಾಗಿ ಮೊದಲೇ ಯೂರೋ ತುಂಬಿಸಿಡುವ ಫಾರೆಕ್ಸ್ ಕಾರ್ಡ್ ತೆಗೆದುಕೊಂಡು ಹೋಗುವುದು ವಾಸಿ.

ಓಡಾಟಕ್ಕೆ ವಾರದ ಪಾಸು ಆಗ 24 ಯೂರೋ ಇತ್ತು, ಮೆಟ್ರೊ, ಬಸ್ಸು, ಟ್ರಾಮ್ ಎಲ್ಲದಕ್ಕೂ ಆಗುತ್ತಿತ್ತು. ಬಿಡಿ ಟಿಕೆಟ್ ಒಂದೂವರೆ. ಹದಿನಾರು ಸಲಕ್ಕಿಂತ ಜಾಸ್ತಿ ಹತ್ತಿದರೆ ಪಾಸು ಲಾಭವಿತ್ತು. ಅಪ್ಪನ ಮೊಣಕಾಲು ನೋವಿನ ದಯದಿಂದ ನಾವು ಮೂವತ್ತು ಸಲ ಹತ್ತಿದೆವು.

ಹಳೇ ಕಾಲದ ದೊಡ್ಡ ಸ್ಟೇಡಿಯಂ ಕೊಲೊಸಿಯಂ, ಅದರ ಟಿಕೆಟ್ 18 ಯೂರೋ. ಸೀನಿಯರ್ ಸಿಟಿಜನ್ ರಿಯಾಯಿತಿ ಕೇಳಿದೆ, ಇಲ್ಲ ಅಂದರು. ನಮ್ಮ ರೈಲಿನಲ್ಲೇ 2020ರಲ್ಲಿ ತೆಗೆದಿದ್ದಾರೆ, ಅವರನ್ನು ಏನು ಬೈಯುವುದು. ಹದಿನೆಂಟು ತುಂಬದ ಮಕ್ಕಳಿಗೆ ಮಾತ್ರ ಯಾವ ದೇಶದವರಾದರೂ ಪುಕ್ಕಟೆ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ, ನಮ್ಮ ತಾರೀಕು ಅದಕ್ಕೆ ಕೂಡಲಿಲ್ಲ. ಒಳಗೆ ನಿಂತು ಅಪ್ಪನಿಗೆ ಹೇಳಿದೆ, ಇಲ್ಲಿ ಮೊದಲು ನೀರೋ ತನ್ನ ಅರಮನೆಗೆ ಅಂತ ಕೆರೆ ಮಾಡಿಸಿದ್ದ, ಅವನು ಸತ್ತ ಮೇಲೆ ಬಂದ ರಾಜರು ಕೆರೆ ಒಣಗಿಸಿ ಇದನ್ನು ಕಟ್ಟಿಸಿದರು, ಕ್ರಿ.ಶ. 80ರಲ್ಲಿ ಇದರ ಉದ್ಘಾಟನೆ ಆಯಿತು ಅಂತ. ಅಪ್ಪ ಸುತ್ತ ಒಂದು ಸಲ ಕಣ್ಣು ಹಾಯಿಸಿದರು. "ಹಂಗಾದ್ರೆ ಇದೂ ಕೆರೆ ಒತ್ತುವರಿನೇ" ಅಂದರು. ಬೆಂಗಳೂರಿನ ಸಂಪಂಗಿ ಕೆರೆ ಹೋಗಿ ಕಂಠೀರವ ಸ್ಟೇಡಿಯಂ ಬಂದದ್ದು ಅವರಿಗೆ ಗೊತ್ತು. ಪಿಟೀಲಿನ ಕತೆ ಸುಳ್ಳು, ಆ ಕಾಲದಲ್ಲಿ ಪಿಟೀಲೇ ಹುಟ್ಟಿರಲಿಲ್ಲ ಅಂತಲೂ ಹೇಳಿದೆ. ಅದಕ್ಕೆ ಮಾತ್ರ ಬೇಜಾರಾದರು.

ವ್ಯಾಟಿಕನ್ ಮ್ಯೂಸಿಯಂನಲ್ಲಿ ನಾನು ಜಿಪುಣತನ ಮಾಡಲು ಹೋಗಿ ಕೆಟ್ಟೆ. ಟಿಕೆಟ್ 20 ಯೂರೋ, ಮುಂಚೆ ಬುಕ್ ಮಾಡಿದರೆ ಇನ್ನೊಂದು 5. ತಿಂಗಳ ಕೊನೇ ಭಾನುವಾರ ಪುಕ್ಕಟೆ, ಮಧ್ಯಾಹ್ನ ಹನ್ನೆರಡೂವರೆಯೊಳಗೆ ಒಳಗೆ ಹೋಗಿರಬೇಕು. ನವೆಂಬರ್ 24 ಸರಿಯಾಗಿ ಕೊನೇ ಭಾನುವಾರ. 75 ಯೂರೋ ಉಳಿಯಿತು ಅಂತ ಬೀಗಿದೆ. ಬೆಳಿಗ್ಗೆ ಏಳೂವರೆಗೆ ಹೋದರೆ ಕೋಟೆ ಗೋಡೆ ಉದ್ದಕ್ಕೂ ಕ್ಯೂ. ಎರಡೂಕಾಲು ಗಂಟೆ ನಿಂತೆವು. ಒಳಗೆ ಹೋದರೆ ಜನ ಜನರನ್ನು ನೋಡುತ್ತಿದ್ದರು, ಚಾವಣಿಯ ಚಿತ್ರಗಳಿಗೆ ಹೆಸರಾದ ಸಿಸ್ಟೀನ್ ಚಾಪೆಲ್‌ನಲ್ಲಿ ಕತ್ತು ಎತ್ತಲೂ ಜಾಗ ಇಲ್ಲ. ಅಪ್ಪನಿಗೆ ಮೊಣಕಾಲು ಊದಿಕೊಂಡು ಮಧ್ಯಾಹ್ನ ಪೂರ್ತಿ ಮನೆಯಲ್ಲೇ ಮಲಗಿದರು. ನಮ್ಮ ಕೊನೆಯ ದಿನ ಅದು. ವಯಸ್ಸಾದವರು ಜೊತೆಗಿದ್ದರೆ ಆ 25 ಯೂರೋ ಕೊಟ್ಟುಬಿಡಿ.

ಊಟಕ್ಕೆ ಮೂವರಿಗೆ ದಿನಕ್ಕೆ 45 ಯೂರೋ ಇಟ್ಟಿದ್ದೆವು, ಅಷ್ಟರಲ್ಲೇ ಆಯಿತು. ಮಧ್ಯಾಹ್ನ ಮಾತ್ರ ಹೊರಗೆ, ತೂಕ ಹಾಕಿ ಕೊಡುವ ಪೀಟ್ಸಾ. ಹೋಟೆಲಿನಲ್ಲಿ ಕೂತ ಒಂದು ದಿನ ನಾವು ಕೇಳದೆ ಬಂದ ಬ್ರೆಡ್ಡಿಗೂ ಬಿಲ್ ಬಂತು. ರಾತ್ರಿ ಮನೆಯಲ್ಲಿ ಮುದ್ದೆ, ಸಾರು. ರಾಗಿ ಹಿಟ್ಟು, ಹುಳಿ ಪುಡಿ, ಮುದ್ದೆ ಕೋಲು ಎಲ್ಲ ಸೂಟ್‌ಕೇಸಿನಲ್ಲಿ ಹೋಗಿತ್ತು. ತುಪ್ಪ ಮಾತ್ರ ಬಿಟ್ಟು ಹೋದೆವು, ಹಾಲಿನ ಪದಾರ್ಥ ಯೂರೋಪಿನೊಳಗೆ ಬಿಡುವುದಿಲ್ಲ.

ತರಕಾರಿಗೆ ಎಸ್ಕ್ವಿಲಿನೊ ಮಾರ್ಕೆಟ್‌ಗೆ ಹೋಗುತ್ತಿದ್ದೆವು. ಬಾಂಗ್ಲಾದೇಶದವರ ಅಂಗಡಿಗಳು, ಬೆಂಡೆಕಾಯಿ, ಹಸಿಮೆಣಸಿನಕಾಯಿ, ಹಾಗಲಕಾಯಿ ಎಲ್ಲ ಇದೆ. ಅಪ್ಪ ಟೊಮೆಟೊ ರಾಶಿ ಮುಂದೆ ನಿಂತುಬಿಟ್ಟರು. ಒಂದನ್ನು ಎತ್ತಿ, ತೊಟ್ಟು ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, "ಎರಡನೇ ದರ್ಜೆ ಮಾಲು" ಅಂತ ತೀರ್ಪು ಕೊಟ್ಟರು. ಕೆಜಿ ಎರಡೂವರೆ ಯೂರೋ. 230 ರೂಪಾಯಿ. 15 ಕೆಜಿಗೆ ಎಷ್ಟಾಯಿತು ಅಂತ ನಿಂತಲ್ಲೇ ಲೆಕ್ಕ ಹಾಕಿದರು. 3,450. ಆಮೇಲೆ ಸ್ವಲ್ಪ ಹೊತ್ತು ಯಾರ ಜೊತೆಯೂ ಮಾತಾಡಲಿಲ್ಲ.

ಪುಕ್ಕಟೆ ಸಿಕ್ಕಿ ನಿಜಕ್ಕೂ ಉಪಯೋಗ ಆದದ್ದು ನೀರು. ರೋಮ್ ಬೀದಿಗಳಲ್ಲಿ ಮೂಗಿನ ಹಾಗೆ ಬಗ್ಗಿದ ಕಬ್ಬಿಣದ ನಲ್ಲಿಗಳಿವೆ, 1874ರಿಂದ ಇವೆ, ಸುಮಾರು 2,500. ಒಳ್ಳೆಯ ಕುಡಿಯುವ ನೀರು, ತಿರುಪು ಇಲ್ಲ, ಸುರಿಯುತ್ತಲೇ ಇರುತ್ತದೆ. ಕೆಳಗಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ಮೇಲಿನ ತೂತಿನಿಂದ ಚಿಮ್ಮುತ್ತದೆ, ಹಾಗೇ ಬಾಯಿಟ್ಟು ಕುಡಿಯಬಹುದು. ನಮ್ಮ ತೋಟದಲ್ಲಿ 1,300 ಅಡಿ ಕೊರೆಸಿ ಒಂದೂವರೆ ಇಂಚು ನೀರು ಕಂಡ ಮನುಷ್ಯ ಅಪ್ಪ. ಆ ನಲ್ಲಿಯ ಹಿಂದೆ, ಮುಂದೆ, ಕೆಳಗೆಲ್ಲ ಬಗ್ಗಿ ವಾಲ್ವ್ ಹುಡುಕಿದರು. "ರಾತ್ರಿನೂ ಹಿಂಗೇ ಹೋಯ್ತಾ ಇರ್ತದಾ?" ಹೌದು ಅಂದೆ. ರಾತ್ರಿ ಊಟ ಆದ ಮೇಲೆ ಜಾಕೆಟ್ ಹಾಕಿಕೊಂಡು ಒಬ್ಬರೇ ಹೋಗಿ ನೋಡಿಕೊಂಡು ಬಂದರು.

ತ್ರೆವಿ ಕಾರಂಜಿ ನಾವು ಹೋದಾಗ ರಿಪೇರಿಯಲ್ಲಿತ್ತು. ನೀರು ಖಾಲಿ ಮಾಡಿ, ಜನ ಕಾಸು ಹಾಕಲು ಮುಂದೆ ಒಂದು ಸಣ್ಣ ತೊಟ್ಟಿ ಇಟ್ಟಿದ್ದರು. ಕಾಸು ಹಾಕಿದರೆ ಮತ್ತೆ ರೋಮ್‌ಗೆ ಬರುತ್ತೀರಂತೆ. ಅಪ್ಪ ಜೇಬಿನಿಂದ ಒಂದು ರೂಪಾಯಿ ತೆಗೆದು ಹಾಕಿದರು. ಯೂರೋ ಹಾಕಿ ಮಾವ ಅಂದಳು ನನ್ನ ಹೆಂಡತಿ. "ವಾಪಸ್ ಬರೋಕೆ ಇಷ್ಟು ಸಾಕಮ್ಮ, ಟಿಕೆಟ್ ದುಡ್ಡು ಬೇರೆ ಐತಲ್ಲ" ಅಂದರು.

ಈಗ ಪಟ್ಟಿಯ ಕೊನೆ ಸಾಲು. ಒಟ್ಟು 3,38,000. ಅದರಲ್ಲಿ ಮೊದಲೇ ಹೋದ 2,10,000 ಎಷ್ಟು ದಿನ ಇದ್ದರೂ ಅಷ್ಟೇ. ಅಲ್ಲಿ ಇಳಿದ ಮೇಲೆ ಒಂದು ದಿನಕ್ಕೆ ರೂಮು 85, ಟ್ಯಾಕ್ಸ್ 18, ಊಟ 45, ಒಟ್ಟು 148 ಯೂರೋ, ಸುಮಾರು 13,600 ರೂಪಾಯಿ. ಮೊದಲು ಹತ್ತು ರಾತ್ರಿ ಅಂತಿದ್ದದ್ದನ್ನು ಖರ್ಚು ಉಳಿಸಲು ನಾನೇ ಏಳಕ್ಕೆ ಇಳಿಸಿದ್ದೆ. ಏಳು ದಿನಕ್ಕೆ ದಿನವೊಂದಕ್ಕೆ 48,000 ಬಿತ್ತು. ಹತ್ತು ದಿನ ಇದ್ದಿದ್ದರೆ 38,000 ಬೀಳುತ್ತಿತ್ತು. ಕಾಫಿ, ಮ್ಯೂಸಿಯಂ ಅಂತ ಅಲ್ಲಿ ಹೋಗಿ ಚಿಲ್ಲರೆ ಹಿಡಿಯುವ ಬದಲು ಆ ಮೂರು ದಿನ ಬಿಡಬಾರದಿತ್ತು. ಇದನ್ನು ತೋರಿಸಿದ್ದು ಅಪ್ಪನೇ, ವಾಪಸ್ ಬರುವ ವಿಮಾನದಲ್ಲಿ, ಊಟದ ಜೊತೆ ಕೊಟ್ಟ ಪೇಪರ್ ನ್ಯಾಪ್ಕಿನ್ ಮೇಲೆ ಬರೆದು. ಗಾಡಿ ಬಾಡಿಗೆ ಕೊಟ್ಟ ಮೇಲೆ ಅರ್ಧ ಲೋಡು ಯಾಕೆ ತುಂಬಿದೆ ಅಂತ ಕೇಳಿದರು.

ಇವೆಲ್ಲ 2024ರ ರೇಟು. ನೀವು ಹೋಗುವಾಗ ಒಂದೊಂದನ್ನೂ ಮತ್ತೆ ನೋಡಿಕೊಳ್ಳಿ.

ಹೋದ ವಾರ ಮಂಡಿಗೆ ಹೋಗಿದ್ದೆವು. ಬಾಕ್ಸ್ 140ಕ್ಕೆ ಕೂಗಿದರು. ಪಕ್ಕದ ತೋಟದವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಪ್ಪ ಅವರ ಪಕ್ಕ ಹೋಗಿ ಕೂತು, ಬೀಡಿ ಹಚ್ಚಿ, "ರೋಮಲ್ಲಿ ಕೆಜಿ ಇನ್ನೂರ ಮೂವತ್ತು ಕಣಯ್ಯ" ಅಂತ ಶುರು ಮಾಡಿದರು.